ಅಗ್ಗದಲ್ಲಿ ಹಗುರ ಟ್ರಿಗರ್: ಎಲ್ಲಿಯವರೆಗೆ ಲಾಭ, ಎಲ್ಲಿಂದ ಅಪಾಯ?

ಅಮೆರಿಕದ ಬಂದೂಕಿನ ಅಂಗಡಿಗಳಲ್ಲಿ ದೊರೆಯುವ ಸಾಧಾರಣ ಎಆರ್-15 ಮಾದರಿಯ ರೈಫಲ್ಲಿನ ತೂಕ ಸುಮಾರು ಮೂರು ಕಿಲೋ. ಅದರ ಟ್ರಿಗರ್ ಎಳೆಯಲು ತೋರುಬೆರಳು ಪ್ರಯೋಗಿಸಬೇಕಾದ ಬಲವೂ ಹೆಚ್ಚುಕಡಿಮೆ ಅಷ್ಟೇ. ಆರರಿಂದ ಎಂಟು ಪೌಂಡ್, ಅಂದರೆ ಎರಡೂಮುಕ್ಕಾಲು ಕಿಲೋದಿಂದ ಮೂರೂವರೆ ಕಿಲೋವರೆಗೆ. ಹೆಗಲಿಗೆ ಆನಿಸಿದ ಬಂದೂಕನ್ನು ಕದಲದಂತೆ ಹಿಡಿಯಬೇಕು. ಅದೇ ಕ್ಷಣದಲ್ಲಿ ಅದರ ತೂಕದಷ್ಟೇ ಬಲವನ್ನು ಒಂದೇ ಬೆರಳಿನಿಂದ ಹಾಕಬೇಕು. ಹೊಸಬರ ಗುರಿ ತಪ್ಪುವುದು ಬಹುಮಟ್ಟಿಗೆ ಇಲ್ಲಿಯೇ.

ಈ ಭಾರವನ್ನು ಕಡಿಮೆ ಮಾಡಿಕೊಡುವುದೇ ಅಲ್ಲೊಂದು ಪ್ರತ್ಯೇಕ ವ್ಯಾಪಾರವಾಗಿ ಬೆಳೆದಿದೆ. ಸ್ಪರ್ಧೆಗಳಿಗೆ ಹೋಗುವವರು ಇಡೀ ಟ್ರಿಗರ್ ಜೋಡಣೆಗೆ ಇನ್ನೂರು ಡಾಲರ್‌ಗಿಂತ ಹೆಚ್ಚು ವ್ಯಯಿಸುತ್ತಾರೆ. ಅಷ್ಟು ಹಣ ಹಾಕಲಾರದವರು ಕೆಲವು ಡಾಲರ್‌ಗಳ ಸ್ಪ್ರಿಂಗ್ ಕೊಂಡುತಂದು, ಇಲ್ಲವೇ ಮನೆಯ ಹಿತ್ತಿಲ ಶೆಡ್ಡಿನಲ್ಲಿ ಅರ ಹಿಡಿದು ತಾವೇ ಕೆಲಸಕ್ಕೆ ಇಳಿಯುತ್ತಾರೆ. ಕಡಿಮೆ ಖರ್ಚಿನಲ್ಲಿ ಟ್ರಿಗರ್ ಸುಧಾರಿಸುವುದು ಸಾಧ್ಯವೇ ಎಂದರೆ ಸಾಧ್ಯ. ಆದರೆ ಹೊಸ ಭಾಗ ಕೂರಿಸುವುದು ಬೇರೆ, ಇರುವ ಭಾಗವನ್ನು ಉಜ್ಜುವುದು ಬೇರೆ. ಬಡಪಾಯಿ ಗುರಿಕಾರನನ್ನು ತೊಂದರೆಗೆ ಸಿಲುಕಿಸುವುದು ಎರಡನೆಯದು.

ಭಾರವಾಗಿಯೇ ಮಾಡಿದ್ದೇಕೆ?

ಅರೆಸ್ವಯಂಚಾಲಿತ ರೈಫಲ್ ಎಂದರೆ ಪ್ರತಿ ಬಾರಿ ಟ್ರಿಗರ್ ಎಳೆದಾಗ ಒಂದೇ ಗುಂಡು ಹಾರಿಸಿ, ಖಾಲಿ ತೋಟೆಯನ್ನು ತಾನೇ ಹೊರಗೆಸೆದು, ಮುಂದಿನ ತೋಟೆಯನ್ನು ತಾನೇ ತುಂಬಿಕೊಳ್ಳುವ ಬಂದೂಕು. ಒಳಗಿನ ಹ್ಯಾಮರ್ ಬಲವಾದ ಸ್ಪ್ರಿಂಗಿನ ಒತ್ತಡದಲ್ಲಿ ಬಾಗಿ ಕುಳಿತಿರುತ್ತದೆ. ಅದು ಹಾರದಂತೆ ತಡೆದಿರುವುದು ಟ್ರಿಗರಿನ ತುದಿಯ ಒಂದು ಸಣ್ಣ ಉಕ್ಕಿನ ಅಂಚು. ಈ ಅಂಚು ಹ್ಯಾಮರಿನ ಕಚ್ಚಿಗೆ ಸಿಕ್ಕಿಕೊಂಡಿರುತ್ತದೆ. ಇದನ್ನು ಸಿಯರ್ ಎನ್ನುತ್ತಾರೆ. ಬೆರಳು ಟ್ರಿಗರನ್ನು ಎಳೆದಾಗ ಅಂಚು ಜಾರಿ ಕಳಚಿಕೊಳ್ಳುತ್ತದೆ, ಹ್ಯಾಮರ್ ಹಾರಿ ಫೈರಿಂಗ್ ಪಿನ್ನಿಗೆ ಬಡಿಯುತ್ತದೆ, ಪಿನ್ನು ತೋಟೆಯ ತಳದ ಪ್ರೈಮರನ್ನು ಸಿಡಿಸುತ್ತದೆ.

ಬೆರಳಿಗೆ ತಾಗುವ ಭಾರಕ್ಕೆ ಎರಡು ಮೂಲಗಳಿವೆ. ಒಂದು ಸ್ಪ್ರಿಂಗುಗಳ ಬಿಗಿ, ಇನ್ನೊಂದು ಆ ಅಂಚು ಜಾರಬೇಕಾದ ದೂರ ಮತ್ತು ಅದರ ಒರಟುತನ. ಎಆರ್-15ರ ಮೂಲ ವಿನ್ಯಾಸ ಸೇನೆಗಾಗಿ ಆದದ್ದು. ಕೆಸರು, ಮರಳು, ಚಳಿ ಯಾವುದಿದ್ದರೂ ಗುಂಡು ಸಿಡಿಯಲೇಬೇಕು. ಸೈನಿಕ ಓಡುವಾಗ ಬಿದ್ದರೆ ಸಿಡಿಯಲೇಬಾರದು. ಸೇನೆಯ ತೋಟೆಗಳ ಪ್ರೈಮರ್ ಉದ್ದೇಶಪೂರ್ವಕವಾಗಿ ಗಡುಸು. ಅದಕ್ಕೆ ಹ್ಯಾಮರಿನ ಪೆಟ್ಟೂ ಜೋರಾಗಿರಬೇಕು. ಹಾಗಾಗಿ ಬಿಗಿಯಾದ ಸ್ಪ್ರಿಂಗು, ಆಳವಾದ ಕಚ್ಚು. ಇದನ್ನು ದೋಷ ಎನ್ನುವಂತಿಲ್ಲ. ರಣರಂಗಕ್ಕೆಂದು ಹೊಲಿದ ಬೂಟನ್ನು ಓಟದ ಪಂದ್ಯಕ್ಕೆ ತೊಟ್ಟರೆ ಭಾರವೆನಿಸುವುದು ಸಹಜ.

ಇಲ್ಲಿ ಇನ್ನೊಂದು ಭಾಗವನ್ನು ಹೇಳಲೇಬೇಕು, ಡಿಸ್ಕನೆಕ್ಟರ್. ಗುಂಡು ಹಾರಿದ ಮರುಕ್ಷಣ ಬೋಲ್ಟ್ ಹಿಂದಕ್ಕೆ ಬಂದು ಹ್ಯಾಮರನ್ನು ಮತ್ತೆ ಬಾಗಿಸುತ್ತದೆ. ಆಗಿನ್ನೂ ಬೆರಳು ಟ್ರಿಗರನ್ನು ಒತ್ತಿಕೊಂಡೇ ಇರುತ್ತದೆ. ಡಿಸ್ಕನೆಕ್ಟರ್ ಎಂಬ ಕೊಕ್ಕೆ ಹ್ಯಾಮರನ್ನು ಹಿಡಿದಿಟ್ಟುಕೊಂಡು, ಬೆರಳು ಸಡಿಲವಾದಾಗ ಮಾತ್ರ ಅದನ್ನು ಸಿಯರಿಗೆ ದಾಟಿಸುತ್ತದೆ. ಒಂದು ಕೈಯಿಂದ ಇನ್ನೊಂದು ಕೈಗೆ ಬಿಂದಿಗೆ ದಾಟಿಸಿದಂತೆ. ಈ ಹಸ್ತಾಂತರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಹ್ಯಾಮರ್ ಯಾರ ಕೈಗೂ ಸಿಗದೆ ಜಾರಿಬಿಡುತ್ತದೆ. ಒಂದು ಎಳೆತಕ್ಕೆ ಎರಡು ಗುಂಡು ಹಾರುತ್ತವೆ.

ಕಾಸು ಖರ್ಚಿಲ್ಲದ ದಾರಿ

ಅನುಭವಿ ತರಬೇತುದಾರರು ಮೊದಲು ಸೂಚಿಸುವುದು ಹೊಸ ಭಾಗವನ್ನಲ್ಲ, ಶುಚಿಯನ್ನು. ಕಾರ್ಖಾನೆಯಿಂದ ಬಂದ ಹೊಸ ಟ್ರಿಗರಿನ ಮೇಲೆ ರಕ್ಷಣಾ ಲೇಪ, ಒಳಗೆ ಲೋಹದ ಪುಡಿ, ಹಳೆಯದಾದರೆ ಸಿಡಿಮದ್ದಿನ ಮಸಿ ಇರುತ್ತವೆ. ಅದನ್ನು ತೊಳೆದು, ಸಿಯರಿನ ಅಂಚಿಗೂ ಪಿನ್ನುಗಳಿಗೂ ತುಸು ಗ್ರೀಸ್ ಹಚ್ಚಿದರೆ ಕರಕರ ಎನ್ನುವ ಒರಟುತನ ಅರ್ಧ ಇಳಿಯುತ್ತದೆ. ಭಾರ ಅಳೆದರೆ ದೊಡ್ಡ ವ್ಯತ್ಯಾಸ ಕಾಣದು, ಬೆರಳಿಗೆ ಮಾತ್ರ ಗೊತ್ತಾಗುತ್ತದೆ.

ಎರಡನೆಯದು ಖಾಲಿ ಅಭ್ಯಾಸ. ತೋಟೆಗಳನ್ನೆಲ್ಲ ಬೇರೆ ಕೋಣೆಯಲ್ಲಿರಿಸಿ, ಬಂದೂಕು ಬರಿದಾಗಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಗಟ್ಟಿ ಗೋಡೆಯ ಕಡೆಗೆ ಗುರಿಯಿಟ್ಟು ಟ್ರಿಗರ್ ಎಳೆಯುವುದು. ನಳಿಗೆಯ ತುದಿಯಲ್ಲೊಂದು ನಾಣ್ಯ ನಿಲ್ಲಿಸಿ, ಅದು ಬೀಳದಂತೆ ಹ್ಯಾಮರ್ ಬಿಡಿಸುವುದು ಹಳೆಯ ಪಾಠ. ಎಆರ್-15ರಂಥ ರೈಫಲ್‌ಗಳಿಗೆ ಈ ಅಭ್ಯಾಸದಿಂದ ಸಾಮಾನ್ಯವಾಗಿ ಹಾನಿಯಿಲ್ಲ. ಆದರೆ ಮೇಲ್ಭಾಗವನ್ನು ಕಳಚಿಟ್ಟು ಹ್ಯಾಮರನ್ನು ಹಾರಬಿಡಬಾರದು, ಅದು ಕೆಳಭಾಗದ ಅಲ್ಯೂಮಿನಿಯಂಗೆ ಬಡಿದು ಕಚ್ಚು ಬೀಳಿಸುತ್ತದೆ. ಕೆಲವು ಹಳೆಯ .22 ರೈಫಲ್‌ಗಳಲ್ಲಿ ಪಿನ್ನು ನೇರವಾಗಿ ಗುಂಡಿನ ಕೋಣೆಯ ಅಂಚಿಗೆ ಬಡಿಯುವುದರಿಂದ ಅಲ್ಲಿ ಈ ಅಭ್ಯಾಸ ಸಲ್ಲದು.

ಕೆಲವು ಸಾವಿರ ಬಾರಿ ಹೀಗೆ ಎಳೆದ ಮೇಲೆ ಎರಡು ಲಾಭ. ಜಾರುವ ಅಂಚುಗಳು ತಾವಾಗಿಯೇ ಒಂದಕ್ಕೊಂದು ಹೊಂದಿಕೊಂಡು ನುಣುಪಾಗುತ್ತವೆ. ಅದಕ್ಕಿಂತ ಹೆಚ್ಚಾಗಿ ಬೆರಳು ಪಳಗುತ್ತದೆ. ಅಂಗಡಿಯವರು ಇದನ್ನು ಹೇಳುವುದಿಲ್ಲ, ಇದರಲ್ಲಿ ಮಾರಲು ಏನೂ ಇಲ್ಲವಲ್ಲ!

ಬಿಡಿಭಾಗಗಳ ಲೆಕ್ಕ

ಹಣ ಹಾಕುವುದಾದರೆ ಮೊದಲ ಮೆಟ್ಟಿಲು ಹಗುರ ಸ್ಪ್ರಿಂಗುಗಳದು. ಬೆಲೆ ಅಗ್ಗ, ಫಲ ಕೂಡಲೇ ಕಾಣುತ್ತದೆ. ಆದರೆ ಹ್ಯಾಮರಿನ ಸ್ಪ್ರಿಂಗ್ ಸಡಿಲವಾದರೆ ಪೆಟ್ಟೂ ಸಡಿಲ. ಗಡುಸು ಪ್ರೈಮರಿನ ತೋಟೆ ಹಾಕಿದಾಗ 'ಟಿಕ್' ಎಂದು ಸದ್ದಾಗಿ ಗುಂಡು ಹಾರದೆ ಉಳಿಯುತ್ತದೆ. ಕಾಗದದ ಗುರಿಯೆದುರು ಇದು ಕಿರಿಕಿರಿ ಮಾತ್ರ. ಆತ್ಮರಕ್ಷಣೆಗೆಂದು ರೈಫಲ್ ಇಟ್ಟುಕೊಂಡವನಿಗೆ ಗಂಭೀರ ವಿಷಯ. ಟ್ರಿಗರನ್ನು ಹಿಂದಿರುಗಿಸುವ ಸ್ಪ್ರಿಂಗ್ ತೀರಾ ಬಲಹೀನವಾದರೆ ಮೇಲೆ ಹೇಳಿದ ಹಸ್ತಾಂತರವೇ ಅನುಮಾನ.

ಎರಡನೆಯ ಮೆಟ್ಟಿಲು ಹಳೆಯ ಸೇನಾ ವಿನ್ಯಾಸವನ್ನೇ ಇಟ್ಟುಕೊಂಡು, ಅಂಚುಗಳನ್ನು ಕಾರ್ಖಾನೆಯಲ್ಲಿಯೇ ನುಣುಪುಗೊಳಿಸಿ ಲೇಪ ಹಾಕಿದ ಜೋಡಣೆಗಳು. ಇವು ನೂರು ಡಾಲರ್‌ಗಿಂತ ಕಡಿಮೆಗೆ ದೊರೆಯುತ್ತವೆ. ಭಾರ ಹೆಚ್ಚು ಇಳಿಯದು, ಆದರೆ ಎಳೆತ ಏಕರೂಪವಾಗುತ್ತದೆ. ಬಡವರ ಪಾಲಿಗೆ ಉತ್ತಮ ವ್ಯವಹಾರ ಇದೇ ಎಂದು ಹೇಳಬಹುದು. ಗುರಿಕಾರನನ್ನು ಕೆಡಿಸುವುದು ಭಾರಕ್ಕಿಂತ ಹೆಚ್ಚಾಗಿ, ಯಾವ ಕ್ಷಣಕ್ಕೆ ಕಳಚೀತು ಎಂಬ ಅನಿಶ್ಚಿತತೆ.

ಮೂರನೆಯದು ಎರಡು ಹಂತದ ಟ್ರಿಗರ್. ಒಟ್ಟು ಭಾರವನ್ನು ಇದು ಎರಡು ಪಾಲು ಮಾಡುತ್ತದೆ. ಹೆಸರಾಂತ ಗೈಸ್ಲಿ ಕಂಪನಿಯ ಎಸ್‌ಎಸ್‌ಎ ಎಂಬ ಮಾದರಿಯಲ್ಲಿ ಮೊದಲ ಹಂತಕ್ಕೆ ಎರಡೂವರೆ ಪೌಂಡ್, ಎರಡನೆಯದಕ್ಕೆ ಎರಡು ಪೌಂಡ್, ಒಟ್ಟು ನಾಲ್ಕೂವರೆ. ಬೆರಳು ಮೊದಲ ಪಾಲನ್ನು ಎಳೆದು ಒಂದು ಗೋಡೆಗೆ ತಾಗಿ ನಿಲ್ಲುತ್ತದೆ. ಅಲ್ಲಿಂದ ಮುಂದಕ್ಕೆ ಬೇಕಾದದ್ದು ಎರಡೇ ಪೌಂಡ್. ಅಂಚಿನ ಹಿಡಿತವನ್ನು ಅಪಾಯಕ್ಕೆ ಒಡ್ಡದೆಯೇ ಹಗುರತನದ ಅನುಭವ ಕೊಡುವ ಜಾಣ ಉಪಾಯವಿದು. ನಾಲ್ಕೂವರೆ ಎಂಬ ಅಂಕಿಯೂ ಆಕಸ್ಮಿಕವಲ್ಲ. ಅಮೆರಿಕದ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಮ್ ನಡೆಸುವ ಸರ್ವಿಸ್ ರೈಫಲ್ ಸ್ಪರ್ಧೆಗಳಲ್ಲಿ ಟ್ರಿಗರ್ ಕನಿಷ್ಠ ನಾಲ್ಕೂವರೆ ಪೌಂಡ್ ತೂಗಲೇಬೇಕು.

.22 ರೈಫಲ್‌ಗಳಲ್ಲಿ ಇದೇ ಕಥೆ ಇನ್ನಷ್ಟು ಸರಳ. 1964ರಲ್ಲಿ ಬಂದ ರೂಗರ್ 10/22 ಅಮೆರಿಕದ ಅನೇಕರು ಬಾಲ್ಯದಲ್ಲಿ ಕಲಿತ ಬಂದೂಕು. ಅದರ ಒರಟು ಟ್ರಿಗರ್ ಬಗ್ಗೆ ದಶಕಗಳ ದೂರಿದ್ದುದರಿಂದ ಕಂಪನಿಯೇ ಸುಮಾರು ಮೂರು ಪೌಂಡಿನ ಬದಲಿ ಜೋಡಣೆಯನ್ನು ಮಾರುಕಟ್ಟೆಗೆ ತಂದಿತು. ಎರಡು ಪಿನ್ನು ಕಳಚಿ, ಇಡೀ ಪೆಟ್ಟಿಗೆ ಬದಲಿಸಿದರೆ ಕೆಲಸ ಮುಗಿಯಿತು.

ಅರ ಹಿಡಿದವರ ಪಾಡು

ಎಲ್ಲಕ್ಕಿಂತ ಅಗ್ಗವೆನಿಸುವ ದಾರಿ ಇರುವ ಅಂಚುಗಳನ್ನೇ ಉಜ್ಜುವುದು. ತೊಂದರೆ ಇರುವುದು ಉಕ್ಕಿನಲ್ಲಿ. ಇಂಥ ಭಾಗಗಳಲ್ಲಿ ಬಹಳಷ್ಟು ಮೇಲ್ಪದರ ಮಾತ್ರ ಗಡುಸಾಗಿರುವಂತೆ ಕಾಯಿಸಿ ಹದಗೊಳಿಸಿದವು. ಒಳಗಿನ ಲೋಹ ಮೆದು. ಉಜ್ಜುಗಲ್ಲು ಆ ತೆಳುಪದರವನ್ನು ದಾಟಿದರೂ ಆ ದಿನ ಏನೂ ಗೊತ್ತಾಗುವುದಿಲ್ಲ. ಟ್ರಿಗರ್ ಬೆಣ್ಣೆಯಂತಿರುತ್ತದೆ, ಮಾಡಿದವನಿಗೆ ಹೆಮ್ಮೆ. ಕೆಲವು ನೂರು ಗುಂಡುಗಳ ಬಳಿಕ ಮೆದು ಲೋಹ ಸವೆಯುತ್ತಾ, ಹಿಡಿತ ಕಿರಿದಾಗುತ್ತಾ ಹೋಗುತ್ತದೆ. ಕೋನ ಒಂದಿಷ್ಟು ತಪ್ಪಿದ್ದರಂತೂ ಹ್ಯಾಮರೇ ಅಂಚನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ನೆಲಕ್ಕೆ ಕುಟ್ಟಿದರೆ ಸಾಕು, ಸಿಡಿಯಬಹುದು.

ದೊಡ್ಡ ಕಾರ್ಖಾನೆಗಳೇ ಇಲ್ಲಿ ಎಡವಿವೆ. 2014ರ ಏಪ್ರಿಲ್‌ನಲ್ಲಿ ರೆಮಿಂಗ್ಟನ್ ಕಂಪನಿ ತನ್ನ ಮಾಡೆಲ್ 700 ಮತ್ತು ಮಾಡೆಲ್ ಸೆವೆನ್ ರೈಫಲ್‌ಗಳಲ್ಲಿ 'ಎಕ್ಸ್-ಮಾರ್ಕ್ ಪ್ರೊ' ಟ್ರಿಗರ್ ಇರುವವನ್ನು ಹಿಂದಕ್ಕೆ ಕರೆಸಿಕೊಂಡಿತು. 2006ರ ಮೇ ತಿಂಗಳಿನಿಂದ ಸುಮಾರು ಎಂಟು ವರ್ಷ ತಯಾರಾದ ಬಂದೂಕುಗಳವು. ಕಾರಣ, ಜೋಡಣೆಯ ವೇಳೆ ಬಳಸಿದ ಅಂಟು ಕೆಲವು ಟ್ರಿಗರುಗಳಲ್ಲಿ ಹೆಚ್ಚಾಗಿ ಉಳಿದು, ತಾನಾಗಿಯೇ ಗುಂಡು ಸಿಡಿಯುವ ಸಂಭವವಿತ್ತು. ಅವು ಅರೆಸ್ವಯಂಚಾಲಿತವಲ್ಲ, ಪ್ರತಿ ಗುಂಡಿಗೂ ಬೋಲ್ಟ್ ಎಳೆಯುವ ಬೇಟೆಯ ರೈಫಲ್‌ಗಳು. ಕಾರ್ಖಾನೆಯಲ್ಲಿ ಒಂದು ಹನಿ ಅಂಟಿನ ಲೆಕ್ಕ ಇಷ್ಟು ದುಬಾರಿಯಾಗುವುದಾದರೆ ಶೆಡ್ಡಿನ ಅರಕ್ಕೆ ಯಾರು ಹೊಣೆ?

ಒಂದು ಎಳೆತ, ಎರಡು ಗುಂಡು, ಜೈಲು

ಅಪಾಯ ಗಾಯಕ್ಕೆ ಮಾತ್ರ ಸೀಮಿತವಲ್ಲ. ಅಮೆರಿಕದ 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಕಾಯ್ದೆಯ ಪ್ರಕಾರ ಟ್ರಿಗರಿನ ಒಂದೇ ಕ್ರಿಯೆಗೆ ಒಂದಕ್ಕಿಂತ ಹೆಚ್ಚು ಗುಂಡು ಹಾರಿಸುವ ಬಂದೂಕು ಮೆಷಿನ್‌ಗನ್. ನೋಂದಣಿಯಿಲ್ಲದೆ ಅದನ್ನು ಇಟ್ಟುಕೊಂಡರೆ ಹತ್ತು ವರ್ಷದವರೆಗೆ ಸೆರೆವಾಸ. ಸವೆದ ಟ್ರಿಗರಿನಿಂದ ಎರಡು ಗುಂಡು ಹಾರಿದರೆ ಅದೂ ಈ ವ್ಯಾಖ್ಯೆಗೆ ಬರುತ್ತದೆಯೇ ಎಂಬುದು ವಾದದ ವಿಷಯ.

ವಿಸ್ಕಾನ್ಸಿನ್ ರಾಜ್ಯದ ಒಬ್ಬ ವ್ಯಕ್ತಿ ತನ್ನ ಎಆರ್-15 ರೈಫಲನ್ನು ಪರಿಚಿತನಿಗೆ ಎರವಲು ಕೊಟ್ಟಿದ್ದ. ಅಭ್ಯಾಸದ ಮೈದಾನದಲ್ಲಿ ಅದು ಒಂದೇ ಎಳೆತಕ್ಕೆ ಹಲವು ಗುಂಡು ಹಾರಿಸಿ ಸಿಕ್ಕಿಕೊಂಡಿತು, ಪೊಲೀಸರು ಬಂದರು. ಅದರೊಳಗೆ ಸೇನೆಯ ಎಂ-16ರ ಕೆಲವು ಭಾಗಗಳಿದ್ದವು. ಇದು ಕೆಟ್ಟ ಬಂದೂಕೇ ಹೊರತು ಮೆಷಿನ್‌ಗನ್ ಅಲ್ಲ ಎಂಬ ವಾದ ನಿಲ್ಲಲಿಲ್ಲ. 2008ರಲ್ಲಿ ಆತನಿಗೆ 30 ತಿಂಗಳ ಸಜೆಯಾಯಿತು, ಮರುವರ್ಷ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಇದಕ್ಕೂ ಮುಂಚೆ, 1994ರ ಸ್ಟೇಪಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಂದೂಕಿಗೆ ಆ ಗುಣವಿತ್ತೆಂದು ಆರೋಪಿಗೆ ತಿಳಿದಿತ್ತು ಎಂಬುದನ್ನು ಸರ್ಕಾರ ಸಾಬೀತುಪಡಿಸಬೇಕು ಎಂದಿತ್ತು. ತಿಳಿಯದವನಿಗೆ ಆಸರೆಯಿದೆ. ಎರಡು ಗುಂಡು ಹಾರಿದ್ದನ್ನು ಕಂಡೂ ನಕ್ಕು ಸುಮ್ಮನಾದವನಿಗೆ ಆ ಆಸರೆ ಕಷ್ಟ.

ಆದ್ದರಿಂದಲೇ ಯಾವ ಹೊಸ ಟ್ರಿಗರ್ ಕೂರಿಸಿದರೂ ಖಾಲಿ ಬಂದೂಕಿನಲ್ಲಿ ಪರೀಕ್ಷೆ ಮಾಡದೆ ಮೈದಾನಕ್ಕೆ ಒಯ್ಯಬಾರದೆಂಬ ಕಟ್ಟುನಿಟ್ಟು. ಸುರಕ್ಷಾ ಗುಂಡಿ ಹಾಕಿ ಎಳೆದರೆ ಹ್ಯಾಮರ್ ಬೀಳಬಾರದು, ತೆಗೆದು ಎಳೆದರೆ ಬೀಳಬೇಕು. ಟ್ರಿಗರನ್ನು ಒತ್ತಿಹಿಡಿದುಕೊಂಡೇ ಬೋಲ್ಟ್ ಎಳೆದು ಬಿಟ್ಟು, ಬಳಿಕ ಬೆರಳನ್ನು ನಿಧಾನವಾಗಿ ಸಡಿಲಿಸಿದರೆ 'ಕ್ಲಿಕ್' ಎಂಬ ಹಸ್ತಾಂತರದ ಸದ್ದು ಕೇಳಬೇಕು, ಹ್ಯಾಮರ್ ಬಾಗಿಯೇ ಇರಬೇಕು. ಮೈದಾನದಲ್ಲಿ ಮೊದಲು ಒಂದೇ ತೋಟೆ, ಅನಂತರ ಎರಡು. ಎರಡೂ ಒಟ್ಟಿಗೆ ಹಾರಿದರೆ ಅಲ್ಲಿಗೇ ನಿಲ್ಲಿಸಿ ಬಂದೂಕನ್ನು ಕುಶಲಕರ್ಮಿಗೆ ಒಪ್ಪಿಸಬೇಕು.

ಇತ್ತ ನಮ್ಮಲ್ಲಿ

ಭಾರತದಲ್ಲಿ ಸಾಮಾನ್ಯ ನಾಗರಿಕರಿಗೆ ಅರೆಸ್ವಯಂಚಾಲಿತ ರೈಫಲ್ ನಿಷೇಧಿತ ವರ್ಗದ್ದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ವಿಸ್ತರಿಸಿತಾದರೂ ಅದು ಇಂಥ ಬಂದೂಕುಗಳಿಗೆ ರಹದಾರಿಯಲ್ಲ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಲ್ಲೂ ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳ ಹೊರತು ಬಂದೂಕು ಹೊಂದುವಂತಿಲ್ಲ. ಗ್ರೀನ್ ಕಾರ್ಡ್ ಪಡೆದವರು ಕೊಳ್ಳಬಹುದು.

ಟ್ರಿಗರಿನ ತೂಕ ಇಲ್ಲಿನ ಓದುಗರಿಗೆ ಪರಿಚಯವಾಗುವುದು ಒಲಿಂಪಿಕ್ಸ್ ಮೂಲಕ. 10 ಮೀಟರ್ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ, 25 ಮೀಟರ್ ಪಿಸ್ತೂಲಿನದು 1000 ಗ್ರಾಂ ತೂಗಬೇಕು. ಅಧಿಕಾರಿಗಳು ತೂಕದ ಬಟ್ಟನ್ನು ಟ್ರಿಗರಿಗೆ ತೂಗುಹಾಕಿ ಎತ್ತಿ ನೋಡುತ್ತಾರೆ. ಬಟ್ಟು ಮೇಲೇಳುವ ಮುನ್ನವೇ ಟ್ರಿಗರ್ ಕಳಚಿದರೆ ಆ ಪಿಸ್ತೂಲಿಗೆ ಅನುಮತಿಯಿಲ್ಲ. ಏರ್ ರೈಫಲಿಗೆ ಮಾತ್ರ ಇಂಥ ಮಿತಿಯಿಲ್ಲ. 2021ರಲ್ಲಿ ಟೋಕಿಯೊದಲ್ಲಿ ಮನು ಭಾಕರ್ ಅವರ ಪಿಸ್ತೂಲು ಸ್ಪರ್ಧೆಯ ನಡುವೆ ಕೈಕೊಟ್ಟು ಅಮೂಲ್ಯ ನಿಮಿಷಗಳು ಕಳೆದುಹೋದವು. 2024ರಲ್ಲಿ ಪ್ಯಾರಿಸ್‌ನಲ್ಲಿ ಅವರು ಎರಡು ಕಂಚು ಗೆದ್ದರು.