ಕಿಡಿಯಿಲ್ಲದ ಎಂಜಿನ್‌ನ ಹಟ

ರೇಡಿಯೊ ನಿಯಂತ್ರಿತ ಕಾರಿನ ನೈಟ್ರೊ ಎಂಜಿನ್ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಹವ್ಯಾಸಿಗಳು ‘ಟ್ವೆಂಟಿ ಒನ್’ ಎಂದು ಕರೆಯುವ ಎಂಜಿನ್‌ನ ಗಾತ್ರ ಬರೀ 3.5 ಸಿ.ಸಿ. ಹಳೆಯ ಸ್ಕೂಟರಿನಂತೆ ಇದೂ ಟೂ ಸ್ಟ್ರೋಕ್. ಆದರೆ ಇದರಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ಪೆಟ್ರೋಲೂ ಇಲ್ಲ. ಮೆಥನಾಲ್, ನೈಟ್ರೊಮೀಥೇನ್ ಮತ್ತು ಎಣ್ಣೆ ಬೆರೆತ ದ್ರವವೇ ಇದರ ಇಂಧನ. ನೈಟ್ರೊಮೀಥೇನ್ ಪಾಲು ಸಾಮಾನ್ಯವಾಗಿ ಶೇ 10ರಿಂದ 30.

ಕಿಡಿಯ ಕೆಲಸವನ್ನು ಮಾಡುವುದು ಗ್ಲೋ ಪ್ಲಗ್. ಅಮೆರಿಕದ ರೇ ಆರ್ಡೆನ್ 1940ರ ದಶಕದ ಕೊನೆಯಲ್ಲಿ ಇದನ್ನು ಮಾರುಕಟ್ಟೆಗೆ ತಂದರು. ಪ್ಲಗ್‌ನೊಳಗಿನ ಪ್ಲಾಟಿನಂ ಮಿಶ್ರಲೋಹದ ಸುರುಳಿ ಸುಮಾರು ಒಂದೂವರೆ ವೋಲ್ಟ್‌ಗೆ ಕೆಂಪಗೆ ಕಾಯುತ್ತದೆ. ಎಂಜಿನ್ ಹೊತ್ತಿಕೊಂಡ ಮೇಲೆ ಬ್ಯಾಟರಿ ತೆಗೆದರೂ ಸುರುಳಿ ಆರುವುದಿಲ್ಲ. ಮೆಥನಾಲ್ ಆವಿ ಪ್ಲಾಟಿನಂ ಸೋಕಿದಾಗ ಹುಟ್ಟುವ ಶಾಖ ಮತ್ತು ಸಿಲಿಂಡರಿನ ಬಿಸಿ, ಇವೆರಡೇ ಅದನ್ನು ಕಾಯಿಸಿಡುತ್ತವೆ.

ಎಂಜಿನ್ ಹತ್ತದಿದ್ದರೆ ಹೊಸಬರ ಕೈ ಮೊದಲು ಹೋಗುವುದು ಕಾರ್ಬ್ಯುರೇಟರಿನಲ್ಲಿ ಇಂಧನದ ಪ್ರಮಾಣ ಹೊಂದಿಸುವ ತಿರುಪಿನ, ಅಂದರೆ ನೀಡಲ್‌ನ ಕಡೆಗೆ. ಎಡವಟ್ಟು ಶುರುವಾಗುವುದೇ ಅಲ್ಲಿ. ಹೋದ ವಾರ ಓಡಿದ ಎಂಜಿನ್ ಈ ವಾರ ಹಟ ಹಿಡಿದಿದ್ದರೆ ಅದಕ್ಕೆ ನೀಡಲ್ ಕಾರಣವಾಗಿರುವುದು ಅಪರೂಪ. ತಾನಾಗಿಯೇ ಅದು ಅಷ್ಟೊಂದು ತಿರುಗಿಕೊಳ್ಳುವುದಿಲ್ಲ.

ಮೊದಲು ನೋಡಬೇಕಾದ್ದು ಪ್ಲಗ್. ಅದನ್ನು ಬಿಚ್ಚಿ, ಇಕ್ಕಳದಲ್ಲಿ ಹಿಡಿದು, ಇಗ್ನೈಟರ್‌ಗೆ, ಅಂದರೆ ಪ್ಲಗ್ ಕಾಯಿಸುವ ಬ್ಯಾಟರಿಗೆ, ತಗುಲಿಸಿದರೆ ಇಡೀ ಸುರುಳಿ ಉಜ್ವಲ ಕಿತ್ತಳೆ ಬಣ್ಣಕ್ಕೆ ತಿರುಗಬೇಕು. ಬೆಳಕು ಮಂಕಾಗಿದ್ದರೆ ಇಗ್ನೈಟರ್ ಚಾರ್ಜ್ ಮಾಡಿ ಇನ್ನೊಮ್ಮೆ ನೋಡುವುದು, ಆಗಲೂ ಮಂಕಾದರೆ ಪ್ಲಗ್ ಬದಲಿಸುವುದು. ಬಿಚ್ಚುವಾಗ ಕೆಳಗಿನ ಪುಟ್ಟ ತಾಮ್ರದ ವಾಷರ್ ಕಳೆಯಬಾರದು. ಅದಿಲ್ಲದಿದ್ದರೆ ಒತ್ತಡ ಸೋರುತ್ತದೆ.

ಎರಡನೆಯದು ಇಂಧನ. ಸೈಲೆನ್ಸರ್ ಬಾಯಿಯನ್ನು ಬೆರಳಿನಿಂದ ಮುಚ್ಚಿ ಎರಡು ಮೂರು ಸಲ ಸ್ಟಾರ್ಟರ್ ಹಗ್ಗ ಎಳೆದರೆ ಟ್ಯಾಂಕಿಗೆ ಒತ್ತಡ ಹೋಗಿ, ಇಂಧನ ಪಾರದರ್ಶಕ ಟ್ಯೂಬಿನಲ್ಲಿ ಮುಂದೆ ಸಾಗುವುದು ಕಣ್ಣಿಗೇ ಕಾಣುತ್ತದೆ. ಗುಳ್ಳೆ ಬರುತ್ತಲೇ ಇದ್ದರೆ ಟ್ಯೂಬ್ ಬಿರಿದಿರಬಹುದು. ದ್ರವ ಕದಲದಿದ್ದರೆ ಟ್ಯಾಂಕ್ ಮುಚ್ಚಳದ ರಬ್ಬರ್ ಉಂಗುರ ಸೋರುತ್ತಿರಬಹುದು. ಇಂಧನ ಕಾರ್ಬ್ಯುರೇಟರ್ ಮುಟ್ಟಿದೊಡನೆ ಬೆರಳು ತೆಗೆಯಬೇಕು. ಇನ್ನೂ ಎಳೆದರೆ ಎಂಜಿನ್ ಫ್ಲಡ್ ಆಗಿ ಹಗ್ಗ ಬಿಗಿದು ನಿಲ್ಲುತ್ತದೆ. ದ್ರವವನ್ನು ಅದುಮಲಾಗದು, ಜಗ್ಗಾಡಿದರೆ ತುಂಡಾಗುವುದು ಹಗ್ಗ, ಬಾಗುವುದು ಕನೆಕ್ಟಿಂಗ್ ರಾಡ್. ಪ್ಲಗ್ ಬಿಚ್ಚಿ, ಕಾರನ್ನು ಬೋರಲು ಹಾಕಿ, ರಂಧ್ರಕ್ಕೆ ಬಟ್ಟೆ ಅಡ್ಡ ಹಿಡಿದು ನಾಲ್ಕಾರು ಬಾರಿ ಮೆಲ್ಲಗೆ ಎಳೆದರೆ ಹೆಚ್ಚಾದದ್ದು ಹೊರಗೆ ಚಿಮ್ಮುತ್ತದೆ.

ಇಂಧನವೂ ಕೆಡುತ್ತದೆ. ಮೆಥನಾಲ್ ಗಾಳಿಯ ತೇವ ಹೀರುತ್ತದೆ. ಮುಚ್ಚಳ ಸಡಿಲವಿದ್ದ ಡಬ್ಬಿಯದನ್ನು, ಅದರಲ್ಲೂ ಕರಾವಳಿಯ ಮಳೆಗಾಲ ಕಂಡದ್ದನ್ನು, ನಂಬುವಂತಿಲ್ಲ.

ಮೂರನೆಯದು ಕಂಪ್ರೆಶನ್. ಈ ಎಂಜಿನ್‌ಗಳ ಪಿಸ್ಟನ್‌ಗೆ ಸಾಮಾನ್ಯವಾಗಿ ರಿಂಗ್ ಇರುವುದಿಲ್ಲ. ಪಿಸ್ಟನ್ ಓಡಾಡುವ ಸ್ಲೀವ್ ಮೇಲ್ತುದಿಯಲ್ಲಿ ಕೂದಲೆಳೆಯಷ್ಟು ಕಿರಿದಾಗಿದ್ದು, ತಣ್ಣಗಿರುವಾಗ ಪಿಸ್ಟನ್ ಅಲ್ಲಿ ಕಚ್ಚಿಕೊಳ್ಳುತ್ತದೆ. ಹೊಸ ಎಂಜಿನ್ ಹೀಗೆ ಬಿಗಿಯಾಗಿರುವುದು ದೋಷವಲ್ಲ, ಲಕ್ಷಣ. ಕೂದಲು ಒಣಗಿಸುವ ಡ್ರೈಯರ್‌ನಿಂದ ಹೆಡ್ ಬೆಚ್ಚಗೆ ಮಾಡಿದರೆ ಸಡಿಲುತ್ತದೆ. ಹಳೆಯ ಎಂಜಿನ್‌ನಲ್ಲಿ ಪಿಸ್ಟನ್ ಎಲ್ಲೂ ಕಚ್ಚದೆ ಸಲೀಸಾಗಿ ತಿರುಗಿದರೆ ಅದು ಸವೆದಿದೆ. ಪಿಸ್ಟನ್ ಮತ್ತು ಸ್ಲೀವ್ ಜೋಡಿಯನ್ನೇ ಬದಲಿಸಬೇಕು.

ಇಷ್ಟೂ ಸರಿಯಿದ್ದರೆ ಮಾತ್ರ ನೀಡಲ್. ಕೈಪಿಡಿಯಲ್ಲಿ ಹೇಳಿದ ಮೂಲ ಸ್ಥಿತಿಗೆ ತಂದು, ಏರ್ ಫಿಲ್ಟರ್ ತೆಗೆದು ನೋಡಿದರೆ ಐಡಲ್‌ನಲ್ಲಿ ಕಾರ್ಬ್ಯುರೇಟರ್ ಬಾಯಲ್ಲಿ ಸುಮಾರು ಒಂದು ಮಿಲಿಮೀಟರ್ ಸಂದು ಕಾಣಬೇಕು. ನೀಡಲ್ ಬಿಗಿ ಮಾಡಿದರೆ ಇಂಧನ ಕಡಿಮೆ, ಸಡಿಲಿಸಿದರೆ ಹೆಚ್ಚು. ಒಂದು ಸಲಕ್ಕೆ ಗಡಿಯಾರದ ಮುಳ್ಳು ಒಂದು ಗಂಟೆ ಸರಿಯುವಷ್ಟೇ ತಿರುಗಿಸಬೇಕು. ಊರೂ ಲೆಕ್ಕಕ್ಕೆ ಬರುತ್ತದೆ: ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಗಾಳಿ ತೆಳು. ಮಂಗಳೂರಿನಲ್ಲಿ ಹೊಂದಿಸಿದ ಎಂಜಿನ್‌ಗೆ ಇಲ್ಲಿ ನೀಡಲ್ ತುಸು ಬಿಗಿಯಾಗಬೇಕು.

ಆಟ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಉರಿದು ಹೋಗುವವರೆಗೆ ಓಡಿಸಿ, ಪ್ಲಗ್ ರಂಧ್ರಕ್ಕೆ ನಾಲ್ಕು ಹನಿ ಆಫ್ಟರ್ ರನ್ ಎಣ್ಣೆ ಬಿಡಬೇಕು. ಇಲ್ಲವಾದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ. ಮೆಥನಾಲ್ ವಿಷ, ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೂ ಕಷ್ಟ. ಡಬ್ಬಿಯನ್ನು ಮಕ್ಕಳ ಕೈಗೆ ಎಟುಕದಂತೆ ಇಡಿ.