ಮಾಗಿ ಚಳಿಯಲ್ಲಿ ಜಾತ್ರೆಯ ಜನ

ಮೈಸೂರು ಸೀಮೆಯ ಚುಂಚನಕಟ್ಟೆಯ ಜಾತ್ರೆಮಾಳದಲ್ಲಿ ಜನವರಿ ತಿಂಗಳ ಬೆಳಿಗ್ಗೆ ತೊಟ್ಟಿಲು ಆಡಿಸುವವರಿಗೆ ಮೊದಲ ಕೆಲಸವೆಂದರೆ ಹಳೇ ಬಟ್ಟೆ ಹಿಡಿದು ಕಬ್ಬಿಣ ಒರೆಸುವುದು. ರಾತ್ರಿಯೆಲ್ಲ ಬಿದ್ದ ಇಬ್ಬನಿಗೆ ಕಂಬಿ, ಕುರ್ಚಿ, ಮೆಟ್ಟಿಲು, ಸ್ವಿಚ್‌ಬೋರ್ಡಿಗೆ ಹೊದಿಸಿದ ಪ್ಲಾಸ್ಟಿಕ್ಕು ಎಲ್ಲವೂ ತೊಟ್ಟಿಕ್ಕುತ್ತಿರುತ್ತವೆ. ಕಾವೇರಿಯ ಕಡೆಯಿಂದ ಏಳುವ ಮಂಜು ಹರಿದು ಕೋದಂಡರಾಮನ ಗುಡಿ ಕಣ್ಣಿಗೆ ಬೀಳುವಷ್ಟರಲ್ಲಿ ಹೊತ್ತು ಚೆನ್ನಾಗಿಯೇ ಏರಿರುತ್ತದೆ. ಆಚೆ ಕಡೆ ಹಳ್ಳಿಕಾರ್ ಜೋಡಿಗಳ ಬೆನ್ನ ಮೇಲೆ ಗೋಣಿತಾಟು. ಈಚೆ ಕಡೆ ಮಂಕಿ ಕ್ಯಾಪು ತೊಟ್ಟು ಟೀ ಅಂಗಡಿಯ ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತ ಮನುಷ್ಯರು. ಎತ್ತುಗಳಿಗೇ ತುಸು ಹೆಚ್ಚು ಆರೈಕೆ ಎಂದು ನೋಡಿದವರಿಗೆ ಅನ್ನಿಸಿದರೆ ಅದರಲ್ಲಿ ತಪ್ಪೇನಿಲ್ಲ. ಒಳ್ಳೆಯ ಜೋಡಿಗೆ ಇಲ್ಲಿ ಲಕ್ಷಗಳಲ್ಲಿ ಬೆಲೆ.

ಮೈಸೂರು ಸೀಮೆಯಲ್ಲಿ ಕಡುಚಳಿ ಎಂದರೆ ಉತ್ತರದವರು ನಕ್ಕಾರು. ಇಲ್ಲಿ ಹಿಮವಿಲ್ಲ, ನೀರು ಹೆಪ್ಪುಗಟ್ಟುವುದಿಲ್ಲ. ಮೈಸೂರು ನಗರದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.7 ಡಿಗ್ರಿ ಸೆಲ್ಸಿಯಸ್, 2012ರ ಜನವರಿ 16ರಂದು. ಸಂಕ್ರಾಂತಿಯ ಮರುದಿನವೇ, ಅಂದರೆ ಜಾತ್ರೆಗಳ ಕಾಲದ ನಟ್ಟನಡುವೆ. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ, ಕೆ.ಆರ್. ನಗರ ಎಲ್ಲವೂ ಸಮುದ್ರಮಟ್ಟದಿಂದ ಸುಮಾರು 700ರಿಂದ 850 ಮೀಟರ್ ಎತ್ತರದ ಬಯಲು. ಒಂದು ಮಗ್ಗುಲಲ್ಲಿ ಕೊಡಗಿನ ಬೆಟ್ಟ, ಇನ್ನೊಂದು ಮಗ್ಗುಲಲ್ಲಿ ನಾಗರಹೊಳೆಯ ಕಾಡು, ನಡುವೆ ಕಾವೇರಿ, ಲಕ್ಷ್ಮಣತೀರ್ಥ, ಕಬಿನಿ. ಇಟ್ಟಿಗೆ ಗೋಡೆಯ ಮನೆಯಲ್ಲಿ ರಗ್ಗು ಹೊದ್ದವರಿಗೆ ಹನ್ನೆರಡು ಡಿಗ್ರಿ ಹಿತವಾದ ಚಳಿ. ಹೊಳೆದಂಡೆಯ ಮಾಳದಲ್ಲಿ ಟಾರ್ಪಾಲಿನ ಕೆಳಗೆ, ಒದ್ದೆ ನೆಲದ ಮೇಲೆ, ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ಮಲಗುವವನಿಗೆ ಅದೇ ಹನ್ನೆರಡು ಡಿಗ್ರಿಯ ಲೆಕ್ಕ ಬೇರೆ.

ಹಾಗಾದರೆ ಚಳಿ ಕಳೆದ ಮೇಲೆ ಬರಬಾರದೇ? ಆಗದು. ಜಾತ್ರೆಯ ಜನಕ್ಕೆ ಇದೇ ಸುಗ್ಗಿ.

ಇಂಗ್ಲೆಂಡಿನಲ್ಲಿ ಮೇಳದ ಆಟಗಳನ್ನು ಊರೂರಿಗೆ ಒಯ್ಯುವ ಕುಟುಂಬಗಳು ನವೆಂಬರು ಬಂತೆಂದರೆ ಗಾಡಿಗಳನ್ನು ತಂತಮ್ಮ ಅಂಗಳಗಳಲ್ಲಿ ನಿಲ್ಲಿಸಿ, ಯಂತ್ರ ಬಿಚ್ಚಿ, ಬಣ್ಣ ಬಳಿದು, ಈಸ್ಟರಿನವರೆಗೆ ಒಂದೆಡೆ ಕೂರುವುದು ರೂಢಿ. ಅಮೆರಿಕದ ಮೇಳದವರು ಚಳಿಗಾಲ ಕಳೆಯಲು ಫ್ಲಾರಿಡಾದ ಗಿಬ್ಸನ್‌ಟನ್ ಎಂಬ ಊರನ್ನೇ ನೆಚ್ಚಿಕೊಂಡಿದ್ದರು. ನಮ್ಮಲ್ಲಿ ಗಾಡಿ ನಿಲ್ಲುವುದು ಮುಂಗಾರಿನಲ್ಲಿ. ಕೊಯ್ಲು ಮುಗಿದು, ಕಣದ ಕೆಲಸ ತೀರಿ, ಎತ್ತು ಬಿಡುವಾಗಿ, ನೆಲ ಒಣಗಿ, ರೈತನ ಜೇಬಿಗೆ ನಾಲ್ಕು ಕಾಸು ಸೇರುವುದು ಮಾರ್ಗಶಿರದಿಂದ ಮಾಘದವರೆಗೆ. ತೇರುಗಳೂ ಆಗಲೇ. ಹುಣಸೂರಿನಲ್ಲಿ ಡಿಸೆಂಬರಿನ ಹನುಮ ಜಯಂತಿಯ ಮೆರವಣಿಗೆ. ಚುಂಚನಕಟ್ಟೆಯಲ್ಲಿ ಜನವರಿ ಮೊದಲ ವಾರದಿಂದ ದನ ಸೇರತೊಡಗಿ ಸಂಕ್ರಾಂತಿಯ ಆಸುಪಾಸಿನಲ್ಲಿ ರಾಮದೇವರ ತೇರು. ಪಿರಿಯಾಪಟ್ಟಣದ ಕಡೆ ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನ, ಎಚ್.ಡಿ. ಕೋಟೆ ಕಡೆ ಕಬಿನಿ ಹಿನ್ನೀರಿನ ದಂಡೆಯ ಭೀಮನಕೊಲ್ಲಿ ಮಹದೇಶ್ವರ. ನಡುವೆ ನಂಜನಗೂಡು ತಾಲೂಕಿನ ಸುತ್ತೂರು, ತಿ. ನರಸೀಪುರದ ಮುಡುಕುತೊರೆ, ಶಿವರಾತ್ರಿಗೆ ಕೆ.ಆರ್. ನಗರ ಸೀಮೆಯ ಕಪ್ಪಡಿ. ಒಂದು ಮಾಳದಲ್ಲಿ ಗೂಟ ಕಿತ್ತವರು ಮುಂದಿನ ಮಾಳದಲ್ಲಿ ಗೂಟ ಹೊಡೆಯುತ್ತಾರೆ. ಕಪ್ಪಡಿಗೆ ಬರುವ ಹೊತ್ತಿಗೆ ಚಳಿ ‘ಶಿವಶಿವಾ’ ಎಂದು ಹೊರಟಿರುತ್ತದೆ. ಅಷ್ಟರಲ್ಲಿ ವರ್ಷದ ಸಂಪಾದನೆಯ ದೊಡ್ಡ ಪಾಲು ಬಂದಾಗಿರಬೇಕು, ಇಲ್ಲವೇ ಕೈತಪ್ಪಿರಬೇಕು.

ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ, ಕೆ.ಆರ್. ನಗರ ಈ ನಾಲ್ಕು ತಾಲೂಕುಗಳಿಗೆ ಇನ್ನೊಂದು ವಿಶೇಷವಿದೆ, ಹೊಗೆಸೊಪ್ಪು. ವರ್ಜೀನಿಯಾ ತಂಬಾಕಿನ ಹರಾಜು ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಮಾರುಕಟ್ಟೆಗಳಲ್ಲಿ ನಡೆಯುವುದೂ ಇದೇ ಚಳಿಗಾಲದಲ್ಲಿ. ಸೊಪ್ಪಿಗೆ ರೇಟು ಚೆನ್ನಾಗಿ ಸಿಕ್ಕ ವರ್ಷ ಜಾತ್ರೆಯಲ್ಲಿ ಬಳೆ, ಆಟದ ಸಾಮಾನು, ತೊಟ್ಟಿಲಿನ ಟಿಕೆಟು ಎಲ್ಲಕ್ಕೂ ಕೈ ಬಿಡುಬೀಸು. ರೇಟು ಕುಸಿದರೆ ಮಕ್ಕಳಿಗೆ ಕಳ್ಳೆಪುರಿ ಕೊಡಿಸಿಕೊಂಡು ನೇರ ಮನೆಗೆ.

ಆ ಕಳ್ಳೆಪುರಿಗೆ ಮೊದಲ ವೈರಿ ಇಬ್ಬನಿ. ಮೋಡವಿಲ್ಲದ, ಗಾಳಿಯಾಡದ ಮಾಗಿಯ ರಾತ್ರಿಯಲ್ಲಿ ನೆಲ ಹಗಲೆಲ್ಲ ಹೀರಿದ ಕಾವನ್ನು ಆಕಾಶಕ್ಕೆ ಬಿಟ್ಟುಬಿಡುತ್ತದೆ. ಮೋಡವಿದ್ದರೆ ಅದು ಹೊದಿಕೆಯಂತೆ ಕಾವನ್ನು ತಡೆದೀತು, ತಿಳಿಯಾಕಾಶದಲ್ಲಿ ತಡೆಯುವವರಿಲ್ಲ. ಕಬ್ಬಿಣ, ತಗಡು, ಪ್ಲಾಸ್ಟಿಕ್ ಹಾಳೆಗಳು ಸುತ್ತಲಿನ ಗಾಳಿಗಿಂತಲೂ ಬೇಗ ತಣ್ಣಗಾಗುತ್ತವೆ. ಅವನ್ನು ತಾಗಿದ ಗಾಳಿಯಲ್ಲಿನ ತೇವ ಹನಿಗಟ್ಟುತ್ತದೆ. ಹೊಳೆ, ಕೆರೆ, ನಾಲೆ, ನೀರುಂಡ ಗದ್ದೆ ಹತ್ತಿರವಿದ್ದಷ್ಟೂ ತೇವ ಹೆಚ್ಚು. ನಮ್ಮ ಜಾತ್ರೆಗಳಾದರೋ ಹುಡುಕಿಕೊಂಡು ನೀರಿನ ದಡದಲ್ಲೇ ಸೇರುತ್ತವೆ: ಚುಂಚನಕಟ್ಟೆ, ಕಪ್ಪಡಿ, ಭೀಮನಕೊಲ್ಲಿ, ಮುಡುಕುತೊರೆ ಎಲ್ಲವೂ. ಅವರೆಕಾಯಿಗೆ ಸೊಗಡು ಕೊಡುವ ಸೊನೆ ಇದೇ ಎಂದು ರೈತರು ಕೊಂಡಾಡುವ ಇಬ್ಬನಿಯೇ ಪುರಿ ಅಂಗಡಿಯವರ ನಿದ್ದೆ ಕೆಡಿಸುತ್ತದೆ.

ಪುರಿಯ ಕಾಳಿನ ಒಳಗೆಲ್ಲ ಪೊಳ್ಳು. ತೇವವನ್ನು ಎಳೆದುಕೊಂಡು ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ. ಬೆಂಡು ಬತ್ತಾಸಿನ ಸಕ್ಕರೆ ಬೆವರತೊಡಗುತ್ತದೆ. ಕಲ್ಯಾಣಸೇವೆ ಒಂದಕ್ಕೊಂದು ಅಂಟಿ ಉಂಡೆಯಾಗುತ್ತದೆ. ಆದ್ದರಿಂದಲೇ ರಾತ್ರಿ ಅಂಗಡಿ ಮುಚ್ಚುವುದೆಂದರೆ ಪರದೆ ಎಳೆಯುವುದಲ್ಲ. ರಾಶಿ ಹಾಕಿದ್ದನ್ನೆಲ್ಲ ಮತ್ತೆ ಚೀಲಕ್ಕೆ ತುಂಬಿ ಬಾಯಿ ಬಿಗಿಯಬೇಕು, ಚೀಲವನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಬೇಕು, ಮೇಲೆ ಗೋಣಿ, ಅದರ ಮೇಲೆ ಪ್ಲಾಸ್ಟಿಕ್ಕು. ಪ್ಲಾಸ್ಟಿಕ್ಕನ್ನೇ ನೇರವಾಗಿ ಹೊದಿಸಿದರೆ ಒಳಮೈ ಬೆವೆತು ಸರಕಿನ ಮೇಲೇ ತೊಟ್ಟಿಕ್ಕೀತು. ಬೆಳಿಗ್ಗೆ ಬಿಸಿಲು ಬಲಿತ ಮೇಲೆ ಇಷ್ಟನ್ನೂ ತಿರುಗುಮುರುಗಾಗಿ ಮಾಡಬೇಕು. ಬಣ್ಣದ ಕಾಗದದ ಗಿರಿಗಿಟ್ಲೆ, ರಟ್ಟಿನ ಪೆಟ್ಟಿಗೆಯ ಬಳೆ ಮಾರುವವರ ಪಾಡೂ ಇದೇ. ಗ್ರಾಹಕನ ಕಣ್ಣಿಗೆ ಈ ಕೆಲಸ ಬೀಳುವುದೇ ಇಲ್ಲ. ಅವನು ಬರುವಷ್ಟರಲ್ಲಿ ಪುರಿಯ ಬೆಟ್ಟ ಎದ್ದು ನಿಂತಿರುತ್ತದೆ.

ಆಟಗಳನ್ನು ನಡೆಸುವವರ ತೊಂದರೆ ಇನ್ನಷ್ಟು ಗಂಭೀರ. ತೊಟ್ಟಿಲು, ಕೊಲಂಬಸ್ ದೋಣಿ, ಮಕ್ಕಳ ರೈಲು ಎಲ್ಲವೂ ನಟ್ಟು ಬೋಲ್ಟುಗಳಿಂದ ಜೋಡಿಸಿ ಬಿಚ್ಚುವಂಥವು. ಜೋಡಿಸುವ ಹುಡುಗರು ಕಂಬಿಯ ಮೇಲೆ ಹತ್ತಬೇಕು. ಇಬ್ಬನಿ ಕೂತ ಕಬ್ಬಿಣ ಜಾರುತ್ತದೆ, ಮರಗಟ್ಟಿದ ಬೆರಳಿಗೆ ಸ್ಪ್ಯಾನರ್ ಹಿಡಿತಕ್ಕೆ ಸಿಗುವುದಿಲ್ಲ. ಚಳಿಗೆ ಗ್ರೀಸು ಗಟ್ಟಿಯಾಗುತ್ತದೆ, ಜನರೇಟರು ಮೊದಲ ಕೂಗಿಗೆ ಓಗೊಡುವುದಿಲ್ಲ. ತೇವದಿಂದ ವಿದ್ಯುತ್ತಿನ ಅಪಾಯವೂ ಹೆಚ್ಚು: ಎಲ್ಲೋ ಸುಲಿದ ವೈರು ಒದ್ದೆ ಕಂಬಿಗೆ ತಾಗಿದರೆ ಇಡೀ ಚೌಕಟ್ಟಿಗೇ ಕರೆಂಟು ಹರಿಯುತ್ತದೆ. ಅರ್ಥಿಂಗ್ ತಂತಿ, ಸೋರಿಕೆ ಕಂಡೊಡನೆ ಸಂಪರ್ಕ ಕಡಿಯುವ ಬ್ರೇಕರು, ನೆಲದಿಂದ ಎತ್ತರಿಸಿ ಕಟ್ಟಿದ ಕೇಬಲ್ಲು ಇಷ್ಟಿದ್ದರೆ ಸಾಕಷ್ಟು ಅನಾಹುತ ತಪ್ಪುತ್ತದೆ. ಕಬ್ಬಿಣ ಒಣಗುವ ಮೊದಲು ಆಟ ಶುರುಮಾಡದಿರುವ ಸಂಯಮವೂ ಬೇಕು. ಬೆಳಿಗ್ಗೆಯೇ ಬಂದ ಮಕ್ಕಳು ಹಟ ಹಿಡಿದಾಗ ಅದು ಸುಲಭವಲ್ಲ.

ಇಬ್ಬನಿಗಾದರೂ ವೇಳಾಪಟ್ಟಿ ಇದೆ, ಬಿಸಿಲೇರಿದರೆ ಹೋಗುತ್ತದೆ. ಹೇಳದೆ ಬರುವುದು ಬಂಗಾಳ ಕೊಲ್ಲಿಯ ಚಂಡಮಾರುತ. 2022ರ ಡಿಸೆಂಬರ್ 9ರ ರಾತ್ರಿ ‘ಮಾಂಡೌಸ್’ ತಮಿಳುನಾಡಿನ ಮಾಮಲ್ಲಪುರದ ಬಳಿ ದಡ ಹತ್ತಿತು. ನಮ್ಮಲ್ಲಿ ಸೂರ್ಯನ ಮುಖ ಕಾಣದ ಜಡಿಮಳೆ, ಕೊರೆಯುವ ಥಂಡಿ. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ಅಪ್ಪಳಿಸಿದ ‘ಫೆಂಗಲ್’ ದುರ್ಬಲವಾಗಿ ಒಳನಾಡನ್ನು ಹಾಯ್ದು ಅರಬ್ಬಿ ಸಮುದ್ರದತ್ತ ಸರಿಯುವಾಗ ದಕ್ಷಿಣ ಕರ್ನಾಟಕವನ್ನೆಲ್ಲ ನೆನೆಸಿತು. ಇಂಥ ಮಳೆ ಮುಂಗಾರಿನಂತೆ ಅಬ್ಬರಿಸುವುದಿಲ್ಲ. ಸಣ್ಣಗೆ, ಬಿಡದೆ, ಎರಡು ಮೂರು ದಿನ ಹನಿಯುತ್ತದೆ. ಹಗಲಿನ ಉಷ್ಣಾಂಶವೇ ಮೇಲೇಳದೆ ಹಾಸಿಗೆ ಬಟ್ಟೆ ಒಣಗುವುದಿಲ್ಲ, ಸೌದೆ ಹತ್ತುವುದಿಲ್ಲ. ನೆಲ ಮೆತ್ತಗಾಗಿ ತೊಟ್ಟಿಲಿನ ಪಾದದ ಒಂದು ಮೂಲೆ ಕುಸಿದರೆ ಮರದ ದಿಮ್ಮಿ ಕೊಟ್ಟು ಮಟ್ಟ ಮಾಡುವವರೆಗೆ ಆಟ ಬಂದ್.

ಜಾತ್ರೆಯೊಂದರಲ್ಲಿ ನಿಜವಾದ ವ್ಯಾಪಾರ ನಡೆಯುವುದು ತೇರಿನ ದಿನ ಮತ್ತು ಅದರ ಹಿಂದುಮುಂದಿನ ಒಂದೆರಡು ದಿನ. ಆ ದಿನಗಳನ್ನೇ ಮಳೆ ನುಂಗಿದರೆ ಉಳಿದ ದಿನಗಳು ಲೆಕ್ಕಕ್ಕಿಲ್ಲ. ಜಾಗದ ಸುಂಕ, ಲಾರಿ ಬಾಡಿಗೆ, ಡೀಸೆಲ್ಲು, ಹುಡುಗರ ಊಟ ಮಾತ್ರ ನಿಲ್ಲುವುದಿಲ್ಲ. ಮಾಳದ ಸುಂಕವನ್ನು ಹರಾಜಿನಲ್ಲಿ ಹಿಡಿದವರೂ ಮುಂಗಡ ಕಟ್ಟಿರುತ್ತಾರೆ, ಅವರು ಯಾಕೆ ಬಿಟ್ಟಾರು? ಜಾತ್ರೆಯ ಜನ ಇಂಥ ಪೆಟ್ಟುಗಳನ್ನು ಸಾಲುಸಾಲಾಗಿ ತಿಂದಿದ್ದಾರೆ. ಕೊರೊನಾ ಕಾಲದಲ್ಲಿ ಜಾತ್ರೆಗಳು ನಿಂತವು. 2022ರ ಕೊನೆಗೆ ಚರ್ಮಗಂಟು ರೋಗ ಹಬ್ಬಿ ರಾಜ್ಯದ ಹಲವೆಡೆ ದನಗಳ ಜಾತ್ರೆಗೆ ತಡೆ ಬಿತ್ತು. ದನ ಬಾರದ ಮಾಳಕ್ಕೆ ರೈತರು ಬರುವುದಿಲ್ಲ, ರೈತರು ಬಾರದ ಮಾಳದಲ್ಲಿ ಹಗ್ಗ, ಗಂಟೆ, ಗೊರಸಿನ ಲಾಳದ ಅಂಗಡಿಗಳಿಗೂ ಕೆಲಸವಿಲ್ಲ.

ರಾತ್ರಿ ಕಳೆಯುವ ಉಪಾಯಗಳು ಹಳೆಯವೇ. ಕೆಳಗೆ ದಪ್ಪಗೆ ಭತ್ತದ ಹುಲ್ಲು, ಅದರ ಮೇಲೆ ಗೋಣಿ, ಹೊದೆಯಲು ಕುರಿಯ ಕಂಬಳಿ. ಮೈಯ ಕಾವನ್ನು ಹೆಚ್ಚು ಕಸಿಯುವುದು ತಣ್ಣನೆಯ ನೆಲ ಎಂಬುದನ್ನು ಬಲ್ಲವರು ಹೊದಿಕೆಗಿಂತ ಹಾಸಿಗೆಗೇ ಹೆಚ್ಚು ಹುಲ್ಲು ಸುರಿಯುತ್ತಾರೆ. ಕಂಬಳಿಗೆ ಒಂದು ಗುಣವಿದೆ, ತುಸು ತೇವವಾದರೂ ಬೆಚ್ಚಗಿಡುತ್ತದೆ. ಅಗ್ಗದ ಹತ್ತಿಯ ರಗ್ಗು ಒದ್ದೆಯಾದರೆ ಮುಗಿಯಿತು.

ಅಪಾಯವಿರುವುದು ಬೆಂಕಿಯಲ್ಲಿ. ಬಯಲಲ್ಲಿ ಸೌದೆ ಉರಿಸಿ ಕಾಯಿಸಿಕೊಂಡರೆ ತೊಂದರೆಯಿಲ್ಲ. ಚಳಿ ತಡೆಯಲಾರದೆ ಉಳಿದ ಕೆಂಡವನ್ನು ಬಾಂಡ್ಲಿಯಲ್ಲಿ ತುಂಬಿ ಟಾರ್ಪಾಲಿನ ಒಳಗಿಟ್ಟು, ಅಂಚನ್ನೆಲ್ಲ ಬಿಗಿಯಾಗಿ ಮುಚ್ಚಿ ಮಲಗುವುದುಂಟು. ಹೊಗೆಯಿಲ್ಲದ ಕೆಂಡವೂ ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿಯುತ್ತದೆ. ತಲೆನೋವು, ಮಂಪರು, ಆಮೇಲೆ ಎಚ್ಚರವೇ ಆಗದಿರುವುದು. ಗುಡಾರದ ಮಗ್ಗುಲಲ್ಲೇ ಓಡುವ ಜನರೇಟರಿನ ಹೊಗೆಯಲ್ಲೂ ಅದೇ ವಿಷ. ಕೆಂಡ ಒಳಗಿಡಬಾರದು, ಜನರೇಟರು ಗಾಳಿ ಬೀಸಿ ಹೋಗುವ ಕಡೆಗೆ, ಗುಡಾರದಿಂದ ದೂರವಿರಬೇಕು. ಈ ಎರಡು ಮಾತನ್ನು ಜಾತ್ರೆಯ ಮೈಕಿನಲ್ಲಿ ದಿನಕ್ಕೆರಡು ಸಲ ಕೂಗಿ ಹೇಳಿದರೆ ಯಾರ ಗಂಟೂ ಹೋಗುವುದಿಲ್ಲ.

ಅಲೆಮಾರಿ ವ್ಯಾಪಾರದ ಮಾತು ಬಂದರೆ ಹುಣಸೂರು ತಾಲೂಕಿನ ಪಕ್ಷಿರಾಜಪುರವನ್ನು ಬಿಡುವಂತಿಲ್ಲ. ಹಕ್ಕಿಪಿಕ್ಕಿ ಜನರ ಈ ಊರಿನವರು ಮಣಿಸರ, ಪ್ಲಾಸ್ಟಿಕ್ ಹೂವು, ಗಿಡಮೂಲಿಕೆಯ ಎಣ್ಣೆ ಹೊತ್ತು ಜಾತ್ರೆ ಸಂತೆಗಳನ್ನು ಸುತ್ತಿದವರು. ಆ ದಾರಿಯೇ ಮುಂದೆ ಆಫ್ರಿಕದವರೆಗೆ ಚಾಚಿತು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕಾಳಗ ಹತ್ತಿಕೊಂಡಾಗ ಅಲ್ಲಿ ಸಿಕ್ಕಿಬಿದ್ದ ಕರ್ನಾಟಕದ ಹಕ್ಕಿಪಿಕ್ಕಿಗಳು ದೇಶದ ಸುದ್ದಿಯಾದರು. ಪರದೇಶದ ಗುಂಡಿನ ಸದ್ದಿಗೆ ಬಂದ ಸುದ್ದಿ, ಪಕ್ಕದ ತಾಲೂಕಿನ ಮಾಳದಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಚಳಿಯಲ್ಲಿ ಕೂತಾಗ ಬಂದಿರಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಕಥೆ ಪಿರಿಯಾಪಟ್ಟಣದ ಬೈಲುಕುಪ್ಪೆ ಮತ್ತು ಹುಣಸೂರಿನ ಗುರುಪುರದ ಟಿಬೆಟನ್ನರದು. 1960ರ ದಶಕದ ಆರಂಭದಲ್ಲಿ ಬೈಲುಕುಪ್ಪೆಯಲ್ಲಿ ನೆಲೆ ಪಡೆದವರು ಮುಸುಕಿನ ಜೋಳ ಬೆಳೆದರು. ಬೇಸಾಯದ ಆದಾಯ ಸಾಲದಾದಾಗ ಸ್ವೆಟರ್ ವ್ಯಾಪಾರ ಹಿಡಿದರು. ಅಕ್ಟೋಬರಿನ ಹೊತ್ತಿಗೆ ಮನೆ ಬಿಟ್ಟು, ಲೂಧಿಯಾನದ ಉಣ್ಣೆ ಬಟ್ಟೆ ತರಿಸಿ, ದೇಶದ ನಗರಗಳ ಬೀದಿಬದಿಯಲ್ಲಿ ಚಳಿಗಾಲವಿಡೀ ಅಂಗಡಿ ಹಾಕುತ್ತಾರೆ. ಚಳಿ ಜೋರಾದಷ್ಟೂ ಇವರಿಗೆ ಲಾಭ. ಆದರೆ ಬೀದಿಯಲ್ಲಿ ನಿಂತು ನಡುಗುವ ಕಷ್ಟ ಇವರಿಗೂ ತಪ್ಪಿದ್ದಲ್ಲ.

ಸಾಗಾಣಿಕೆಯಲ್ಲೂ ಚಳಿಗಾಲದ ಪಾಠಗಳಿವೆ. ಮುಂಜಾವಿನ ಮಂಜಿನಲ್ಲಿ ಹುಣಸೂರು–ಪಿರಿಯಾಪಟ್ಟಣದ ಹೆದ್ದಾರಿಯ ತಿರುವುಗಳು ಕಾಣುವುದಿಲ್ಲ. ಎಚ್.ಡಿ. ಕೋಟೆಯಿಂದ ವಯನಾಡಿನ ಕಡೆ ಆಟದ ಸಾಮಾನು ಒಯ್ಯುವ ಲಾರಿಗಳಿಗೆ ಬಾವಲಿಯ ಕಾಡುದಾರಿಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸಂಚಾರವೇ ನಿಷೇಧ. ಗೇಟು ಬೀಳುವ ಮುನ್ನ ದಾಟದಿದ್ದರೆ ಕಾಡಂಚಿನಲ್ಲಿ ಲಾರಿಯ ಮೇಲೇ ರಾತ್ರಿ ಕಳೆಯಬೇಕು.

ಕಾನೂನು ಜಾತ್ರೆಯ ಜನರ ಹತ್ತಿರಕ್ಕೆ ಬಂದು ಅರ್ಧ ದಾರಿಯಲ್ಲಿ ನಿಂತಿದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಸಮಿತಿ, ಗುರುತಿನ ಚೀಟಿ ಎಲ್ಲವೂ ನಗರ ಪಟ್ಟಣಗಳನ್ನು ಸುತ್ತಿಕೊಂಡಿವೆ. 2020ರಲ್ಲಿ ಬಂದ ಸ್ವನಿಧಿ ಸಾಲವೂ ಹಾಗೆಯೇ. ವರ್ಷಕ್ಕೆ ಹತ್ತು ಮಾಳ ಬದಲಿಸುವವನು ಯಾವ ಊರಿನ ವ್ಯಾಪಾರಿ? 2021ರ ಆಗಸ್ಟಿನಲ್ಲಿ ಶುರುವಾದ ಇ–ಶ್ರಮ್ ನೋಂದಣಿಗೆ ಇಂಥ ಅಡ್ಡಿಯಿಲ್ಲ, ಅಸಂಘಟಿತ ಕಾರ್ಮಿಕನೆಂದು ಎಲ್ಲಿದ್ದರೂ ಹೆಸರು ಬರೆಸಬಹುದು. ಕಾನೂನಿನ ಎದುರು ಒಗ್ಗಟ್ಟೂ ಒಂದು ದಾರಿ: ಇಂಗ್ಲೆಂಡಿನ ಮೇಳದವರು 1889ರಲ್ಲೇ ಸಂಘ ಕಟ್ಟಿದ್ದು, ಗಾಡಿಮನೆಗಳಲ್ಲಿ ಬಾಳುವವರನ್ನು ಹದ್ದುಬಸ್ತಿಗೆ ತರಲು ಹೊರಟ ಮಸೂದೆಯೊಂದನ್ನು ಎದುರಿಸಲು. ಆ ಸಂಘ ಇಂದಿಗೂ ಬದುಕಿದೆ.

ಮಾಳದ ಸುಂಕ ಎತ್ತುವ ಪಂಚಾಯಿತಿ, ದೇವಸ್ಥಾನ ಮತ್ತು ತಾಲೂಕು ಆಡಳಿತಗಳು ಮುಂದಿನ ಜಾತ್ರೆಗೆ ಮೊದಲು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಮಾಳದ ತಗ್ಗಿಗೆ ಗ್ರಾವೆಲ್ ಸುರಿದು ನೀರು ಹರಿಯಲು ಕಾಲುವೆ ತೋಡಲಿ. ಹೆಂಗಸರು ಮಕ್ಕಳಿಗೆ ಬಾಗಿಲಿರುವ ಶೌಚಾಲಯ, ರಾತ್ರಿ ಮಲಗಲು ತಗಡಿನ ಒಂದು ಚಪ್ಪರ ಹಾಕಲಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮುನ್ಸೂಚನೆಯನ್ನು ಮೈಕಿನಲ್ಲಿ ಸಾರಲಿ. ತೇರಿನ ದಿನ ಮಳೆ ಹಿಡಿದರೆ ಮತ್ತೆರಡು ದಿನ ಸುಂಕವಿಲ್ಲದೆ ಅಂಗಡಿ ಇಡಲು ಬಿಡಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಸುಂಕದ ಹರಾಜಿನ ಷರತ್ತುಗಳಲ್ಲಿ ನಾಲ್ಕು ಸಾಲು ಸೇರಿಸಿದರೆ ಸಾಕು.