ಎರಡು ಸಿಪಿಯು, ಒಂದೇ ಪರದೆ

ಮಹಾರಾಷ್ಟ್ರದ ಗಡಿಗೆ ಹತ್ತಿರದ ನಿಪ್ಪಾಣಿ, ಚಿಕ್ಕೋಡಿ, ಅಥಣಿ ಕಡೆ ಎರಡು ದಶಕ ನಡೆದುಬಂದ ಡಿಟಿಪಿ ಅಂಗಡಿಗೆ ಹೋದಾಗ ಮೇಜಿನ ಕೆಳಗೊಮ್ಮೆ ಬಗ್ಗಿ ನೋಡಿ. ಎರಡು ಸಿಪಿಯು ಡಬ್ಬಿಗಳು ಇರುವ ಸಾಧ್ಯತೆಯೇ ಹೆಚ್ಚು. ಒಂದು ಈಚೆಗೆ ಕೊಂಡದ್ದು. ಬಿಲ್ಲು, ಜಿಎಸ್‌ಟಿ, ವಾಟ್ಸಾಪಿನಲ್ಲಿ ಬಂದ ಫೋಟೊ, ಯೂನಿಕೋಡ್ ಬರಹ ಎಲ್ಲ ಅದರಲ್ಲಿ. ಇನ್ನೊಂದು ವಿಂಡೋಸ್ ಎಕ್ಸ್‌ಪಿ ಕಾಲದ್ದು. ಅದರಲ್ಲಿ ಪೇಜ್‌ಮೇಕರ್ ಇದೆ, ಕನ್ನಡ ಬರೆಯಲು ನುಡಿ, ಮರಾಠಿ ಬರೆಯಲು ಶ್ರೀಲಿಪಿ ಇದೆ, ಊರಿನ ಅರ್ಧ ಮನೆಗಳ ಲಗ್ನಪತ್ರಿಕೆಗಳಿವೆ. ಇದನ್ನು ಮಾಲೀಕರು ಮಾರುವುದೂ ಇಲ್ಲ, ಎಸೆಯುವುದೂ ಇಲ್ಲ.

ಎಸೆಯದಿರಲು ಗಟ್ಟಿ ಕಾರಣವಿದೆ. ಆ ಕಾಲದ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿಕೊಂಡಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಹಳೆಯ ಕಡತ ತೆರೆದರೆ ‘ಕನ್ನಡ’ ಎಂಬ ಪದವೇ ಪೌಂಡ್ ಚಿಹ್ನೆ, ತಲೆಯ ಮೇಲೆ ಗೀಟು ಹೊತ್ತ ಎ ಅಕ್ಷರಗಳ ಸಾಲಾಗಿ ನಿಲ್ಲುತ್ತದೆ. ಪರಿವರ್ತಕ ತಂತ್ರಾಂಶಗಳು ಪಠ್ಯವನ್ನು ಯೂನಿಕೋಡಿಗೆ ತರುತ್ತವೆ, ಆದರೆ ಪುಟದ ವಿನ್ಯಾಸ ಚದುರಿಹೋಗುತ್ತದೆ. 2018ರಲ್ಲಿ ನಿಪ್ಪಾಣಿ, ಕಾಗವಾಡ ಹೊಸ ತಾಲ್ಲೂಕುಗಳಾದಾಗ ಈ ಹಳೆಯ ಯಂತ್ರಗಳ ಬೆಲೆ ಚೆನ್ನಾಗಿ ತಿಳಿಯಿತು. ಸೊಸೈಟಿ, ಶಾಲೆ, ಸಂಘಗಳ ಲೆಟರ್‌ಹೆಡ್ಡು, ಪಾವತಿ ಪುಸ್ತಕಗಳಲ್ಲಿ ‘ತಾ. ಚಿಕ್ಕೋಡಿ’ ಎಂದಿದ್ದಲ್ಲಿ ‘ತಾ. ನಿಪ್ಪಾಣಿ’ ಎಂದೂ, ‘ತಾ. ಅಥಣಿ’ ಎಂದಿದ್ದಲ್ಲಿ ‘ತಾ. ಕಾಗವಾಡ’ ಎಂದೂ ಆಗಬೇಕಿತ್ತು. ಮೂಲ ಕಡತ ಇದ್ದವರಿಗೆ ಅದು ಒಂದು ಪದ ತಿದ್ದುವ ಕೆಲಸ. ಇಲ್ಲದವರಿಗೆ ಇಡೀ ಪುಟವನ್ನು ಮತ್ತೆ ಕಟ್ಟುವ ಕೆಲಸ.

ಎರಡು ಯಂತ್ರ ಬೇಕಾದವರು ಡಿಟಿಪಿಯವರಷ್ಟೇ ಅಲ್ಲ. 2020ರ ಮಾರ್ಚ್ ಲಾಕ್‌ಡೌನ್ ನಂತರ ಪುಣೆ, ಬೆಂಗಳೂರಿನ ಕಂಪನಿಗಳ ಕೆಲಸವನ್ನು ಊರಿನ ಮನೆಯಿಂದಲೇ ಮಾಡುವ ಹುಡುಗ ಹುಡುಗಿಯರು ಈ ಭಾಗದಲ್ಲಿ ಕಂಡುಬಂದರು. ಅವರ ಮೇಜಿನ ಮೇಲೆ ಕಂಪನಿಯ ಲ್ಯಾಪ್‌ಟಾಪು ಒಂದು, ಸ್ವಂತದ್ದು ಒಂದು. ರಾಯಬಾಗ, ಕಾಗವಾಡ ಕಡೆಯ ಕಬ್ಬಿನ ಸೀಮೆಯಲ್ಲಿ ಲಾರಿ, ಟ್ರ್ಯಾಕ್ಟರ್ ತೂಗುವ ಕಾಟಾದ ಕೋಣೆಯಲ್ಲೂ ಇದೇ ಕಥೆ. ತೂಕದ ಅಂಕಿ ಸೀರಿಯಲ್ ಪೋರ್ಟಿನ ಮೂಲಕ ಹಳೆಯ ಸಿಪಿಯುಗೆ ಬರುತ್ತದೆ, ಲೆಕ್ಕಪತ್ರ ಹೊಸದರಲ್ಲಿ ನಡೆಯುತ್ತದೆ. ಕಾಟಾದವರಿಗೆ ಹೆಚ್ಚು ರೆಸಲ್ಯೂಷನ್ನಿನ ಮಾನಿಟರ್ ಬೇಕಿಲ್ಲ. ಉಳಿದವರು ದಿನವಿಡೀ ಅಕ್ಷರ ಓದುವವರು. ಅವರು ಎರಡು ಸಾಧಾರಣ ಮಾನಿಟರ್ ಇಡುವ ಬದಲು ಒಂದೇ ಒಂದು ಒಳ್ಳೆಯ 4ಕೆ ಮಾನಿಟರ್ ಕೊಂಡು ಎರಡೂ ಯಂತ್ರಗಳಿಗೆ ಹಂಚುವುದು ಕಣ್ಣಿಗೂ ಹಿತ, ಮೇಜಿಗೂ ಹಿತ.

ಹಂಚುವ ಡಬ್ಬಿಗೆ ಕೆವಿಎಂ ಸ್ವಿಚ್ ಎಂದು ಹೆಸರು. ಕೀಬೋರ್ಡ್, ವಿಡಿಯೊ, ಮೌಸ್ ಮೂರನ್ನೂ ಎರಡು ಯಂತ್ರಗಳ ನಡುವೆ ಅತ್ತಿಂದಿತ್ತ ತಿರುಗಿಸುತ್ತದೆ. ಗುಂಡಿ ಒತ್ತಿದರೆ ಒಂದನೆಯ ಯಂತ್ರ, ಇನ್ನೊಮ್ಮೆ ಒತ್ತಿದರೆ ಎರಡನೆಯದು. ಇದರಿಂದ ಕಡತಗಳು ಒಂದರಿಂದ ಇನ್ನೊಂದಕ್ಕೆ ಹೋಗುವುದಿಲ್ಲ, ಎರಡೂ ಯಂತ್ರ ಬೇರೆ ಬೇರೆಯಾಗಿಯೇ ಉಳಿಯುತ್ತವೆ. ಎಕ್ಸ್‌ಪಿ ಇಟ್ಟುಕೊಂಡವರಿಗೆ ಇದೇ ದೊಡ್ಡ ಅನುಕೂಲ. 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಸುರಕ್ಷತಾ ಪರಿಷ್ಕರಣೆ ನಿಂತುಹೋಯಿತು, ಅಂಥ ಯಂತ್ರಕ್ಕೆ ಇಂಟರ್ನೆಟ್ ಕೊಡಲೇಬಾರದು. ಸ್ವಿಚ್ಚಿದ್ದರೆ ಕೊಡುವ ಅಗತ್ಯವೇ ಬೀಳುವುದಿಲ್ಲ. ಇಂಟರ್ನೆಟ್ ಕೆಲಸಕ್ಕೆ ಪಕ್ಕದ ಯಂತ್ರ ಒಂದು ಗುಂಡಿಯ ದೂರದಲ್ಲಿರುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ ಮುಗಿದಿದೆ. ಮೇಜಿನ ಕೆಳಗಿನ ಹಳೆಯ ಡಬ್ಬಿಗಳು ಇನ್ನಷ್ಟು ಹೆಚ್ಚಲಿವೆ.

ತೊಡಕು ಇರುವುದು ಕೆವಿಎಂನ ನಡುವಿನ ಅಕ್ಷರ ಹೇಳುವ ವಿಡಿಯೊದಲ್ಲಿ. ಕೀಬೋರ್ಡು, ಮೌಸು ಕಳಿಸುವ ಮಾಹಿತಿ ಅತ್ಯಲ್ಪ, ಅದನ್ನು ಯಾವ ಅಗ್ಗದ ಸ್ವಿಚ್ಚಾದರೂ ಸಾಗಿಸುತ್ತದೆ. ಚಿತ್ರದ ಲೆಕ್ಕವೇ ಬೇರೆ. ಮಾಮೂಲಿ ಫುಲ್ ಎಚ್‌ಡಿ ಪರದೆಯಲ್ಲಿ 1920 ಅಡ್ಡ, 1080 ಉದ್ದ, ಒಟ್ಟು ಸುಮಾರು 20.7 ಲಕ್ಷ ಚುಕ್ಕಿಗಳು. 4ಕೆ ಪರದೆಯಲ್ಲಿ 3840 ಮತ್ತು 2160, ಅಂದರೆ ಸುಮಾರು 83 ಲಕ್ಷ. ಒಂದೊಂದು ಚುಕ್ಕಿಯ ಬಣ್ಣಕ್ಕೆ 24 ಬಿಟ್, ಸೆಕೆಂಡಿಗೆ 60 ಸಲ. ಗುಣಿಸಿದರೆ ಸೆಕೆಂಡಿಗೆ ಹತ್ತಿರ ಹತ್ತಿರ 12 ಗಿಗಾಬಿಟ್ ಆಗುತ್ತದೆ. ಎಚ್‌ಡಿಎಂಐ ಕೇಬಲ್ಲಿನಲ್ಲಿ ಸಾಗುವಾಗ ಸಂಕೇತ ಮೊದಲಾದವುಗಳ ಹೆಚ್ಚುವರಿ ಹೊರೆಯೂ ಸೇರಿ ಸುಮಾರು 18 ಗಿಗಾಬಿಟ್‌ಗೆ ಮುಟ್ಟುತ್ತದೆ. 2013ರಲ್ಲಿ ಬಂದ ಎಚ್‌ಡಿಎಂಐ 2.0ರ ಮಿತಿ ಸರಿಯಾಗಿ 18. ಅದಕ್ಕೂ ಹಿಂದಿನ 1.4ರ ಮಿತಿ 10.2 ಮಾತ್ರ. ಹೀಗಾಗಿ 1.4ರ ಸ್ವಿಚ್ಚಿನಲ್ಲಿ 4ಕೆ ಚಿತ್ರ ಬರುವುದೇನೋ ನಿಜ, ಸೆಕೆಂಡಿಗೆ 30 ಸಲ ಮಾತ್ರ ಬರುತ್ತದೆ. ಮೌಸ್ ಎಳೆದರೆ ಬಾಣ ತಡವರಿಸುತ್ತದೆ, ಪುಟ ಸರಿಸಿದರೆ ಸಾಲುಗಳು ಕುಪ್ಪಳಿಸುತ್ತವೆ. ಡಬ್ಬಿಯ ಮೇಲೆ ‘4ಕೆ’ ಎಂದು ದಪ್ಪಕ್ಷರದಲ್ಲಿ ಬರೆದು ‘30’ ಎಂಬುದನ್ನು ಹಿಂಬದಿಯ ಸಣ್ಣಕ್ಷರಕ್ಕೆ ತಳ್ಳುವುದು ಈ ಸರಕಿನ ಹಳೇ ಚಾಳಿ.

ಇದಕ್ಕಿಂತ ಕಣ್ಣು ತಪ್ಪಿಸುವ ಇನ್ನೊಂದು ಚಾಳಿಯಿದೆ. ‘4ಕೆ, 60’ ಎಂದು ಬರೆದೂ ಒಳಗೆ 10.2 ಗಿಗಾಬಿಟ್ಟಿನ ದಾರಿಯನ್ನೇ ಇಟ್ಟಿರುವ ಸ್ವಿಚ್ಚುಗಳಿವೆ. ಅವು ಚಿತ್ರವನ್ನು 4:2:0 ಎಂಬ ಕ್ರಮದಲ್ಲಿ ಸಾಗಿಸುತ್ತವೆ. ಆ ಕ್ರಮದಲ್ಲಿ ಪ್ರತಿ ಚುಕ್ಕಿಯ ಬೆಳಕು ಹಾಗೇ ಉಳಿಯುತ್ತದೆ, ಬಣ್ಣ ಮಾತ್ರ ನಾಲ್ಕು ಚುಕ್ಕಿಗೆ ಒಂದರಂತೆ ಹೋಗುತ್ತದೆ. ಸಿನಿಮಾ ನೋಡುವವರಿಗೆ ಇದರ ಸುಳಿವೂ ಸಿಗುವುದಿಲ್ಲ. ಬ್ಲೂರೇ, ಟಿವಿ ಪ್ರಸಾರಗಳೆಲ್ಲ ಮೊದಲಿಂದಲೂ 4:2:0 ಕ್ರಮದಲ್ಲೇ ಬರುತ್ತಿವೆ. ಲಗ್ನಪತ್ರಿಕೆ ಮಾಡುವವರಿಗೆ ಮಾತ್ರ ಇದು ಸಲ್ಲದು. ಅರಿಶಿನ ಹಿನ್ನೆಲೆಯ ಮೇಲೆ ಕುಂಕುಮದ ಬಣ್ಣದಲ್ಲಿ ‘ಚಿ.ಸೌ.’ ಬರೆದು, ಅದರ ಕೆಳಗೆ ಮನೆತನದ ಹೆಸರು, ಊರು, ಮುಹೂರ್ತ ಸಣ್ಣಕ್ಷರದಲ್ಲಿ ಕೂತಾಗ ಅಕ್ಷರದ ಅಂಚುಗಳಲ್ಲಿ ಬಣ್ಣ ಕದಡುತ್ತದೆ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಅರ್ಧ ಗಾತ್ರದಲ್ಲಿ ಕೂರುವಂಥದ್ದು. ‘ಶ್ರೀ’, ‘ಜ್ಯೇಷ್ಠ’, ‘ಜ್ಞಾನೇಶ್ವರ’ ಬರೆದಾಗ ಮೊದಲು ಮಬ್ಬಾಗುವುದು ಆ ಭಾಗವೇ. ಮರಾಠಿಯ ಶಿರೋರೇಖೆಯ ಮೇಲಿನ ಮಾತ್ರೆ, ಅನುಸ್ವಾರಗಳದ್ದೂ ಅದೇ ಪಾಡು. ಕಾಗವಾಡದ ಹೆಣ್ಣು, ಗಡಿಯಾಚೆಯ ಮಿರಜದ ಗಂಡು ಎಂದಾಗ ಎರಡೂ ಭಾಷೆಯ ಪತ್ರಿಕೆಯನ್ನು ಒಂದೇ ಪರದೆಯ ಮೇಲೆ ಪ್ರೂಫ್ ನೋಡಬೇಕಾದವರಿಗೆ ಇದು ಸಣ್ಣ ವಿಷಯವಲ್ಲ. ಅಚ್ಚಾದ ಮೇಲೆ ಕಂಡ ತಪ್ಪು ಮದುವೆ ಮುಗಿದರೂ ಮನೆಯವರ ಬಾಯಲ್ಲಿ ಉಳಿಯುತ್ತದೆ. ಆದ್ದರಿಂದ ಕೊಳ್ಳುವಾಗ ಕೇಳಬೇಕಾದ್ದು ಮೂರು ಅಂಕಿಗಳನ್ನು ಒಟ್ಟಿಗೆ: 4ಕೆ, 60 ಹರ್ಟ್ಸ್ ಅಂದರೆ ಸೆಕೆಂಡಿಗೆ 60 ಸಲ, 4:4:4 ಅಂದರೆ ಪ್ರತಿ ಚುಕ್ಕಿಗೂ ಅದರದೇ ಬಣ್ಣ. ಒಂದು ತಪ್ಪಿದರೂ ಬೇಡ.

ಆದರೆ ಸ್ವಿಚ್ ಕೊಳ್ಳುವ ಮೊದಲೇ ಮಾನಿಟರಿನ ಬೆನ್ನು ನೋಡಬೇಕು ಎನ್ನುವುದು ನನ್ನ ಆಗ್ರಹ. ಈಗಿನ 4ಕೆ ಮಾನಿಟರುಗಳಲ್ಲಿ ಒಂದೋ ಎರಡೋ ಎಚ್‌ಡಿಎಂಐ, ಜೊತೆಗೆ ಒಂದು ಡಿಸ್‌ಪ್ಲೇಪೋರ್ಟ್ ಸಾಮಾನ್ಯವಾಗಿ ಇರುತ್ತವೆ. ಅಂದರೆ ಎರಡು ಯಂತ್ರಗಳ ಚಿತ್ರ ಒಳಬರಲು ಎರಡು ದಾರಿ ಅಲ್ಲಿ ಆಗಲೇ ಇವೆ. ಒಂದು ಯಂತ್ರವನ್ನು ಎಚ್‌ಡಿಎಂಐಗೆ, ಇನ್ನೊಂದನ್ನು ಡಿಸ್‌ಪ್ಲೇಪೋರ್ಟಿಗೆ ನೇರ ಜೋಡಿಸಿ, ಕೀಬೋರ್ಡು ಮೌಸಿಗೆ ಮಾತ್ರ ಒಂದು ಯುಎಸ್‌ಬಿ ಸ್ವಿಚ್ ಇಟ್ಟರೆ ಮುಗಿಯಿತು. 18 ಗಿಗಾಬಿಟ್ಟಿನ ಭಾರ ಹೊರಬೇಕಾದ ನಡುವಿನ ಡಬ್ಬಿಯೇ ಇಲ್ಲವಾಗುತ್ತದೆ. ಯುಎಸ್‌ಬಿ ಸ್ವಿಚ್ಚು 4ಕೆ ಕೆವಿಎಂಗಿಂತ ಎಷ್ಟೋ ಅಗ್ಗ. ನಷ್ಟ ಒಂದೇ: ಯಂತ್ರ ಬದಲಿಸುವಾಗ ಮಾನಿಟರಿನ ಗುಂಡಿಯನ್ನೂ ಒತ್ತಬೇಕು. ಅದಕ್ಕೂ ಉಪಾಯವಿದೆ. ಡಿಡಿಸಿ ಎಂಬ ಸೌಲಭ್ಯದ ಮೂಲಕ ಕಂಪ್ಯೂಟರೇ ಮಾನಿಟರಿಗೆ ‘ಆ ದಾರಿಗೆ ತಿರುಗು’ ಎಂದು ಆಜ್ಞೆ ಕೊಡಬಲ್ಲದು, ಉಚಿತ ತಂತ್ರಾಂಶಗಳೂ ಸಿಗುತ್ತವೆ. ದಿನಕ್ಕೆ ನಾಲ್ಕೈದು ಸಲ ಯಂತ್ರ ಬದಲಿಸುವವರಿಗೆ ನಾನು ಇದನ್ನೇ ಹೇಳುತ್ತೇನೆ. ಗಂಟೆಗೆ ಹತ್ತು ಸಲ ಬದಲಿಸುವವರು ಮಾತ್ರ ಪೂರ್ತಿ ಕೆವಿಎಂಗೆ ಹಣ ಹಾಕಲಿ.

ಕಂಪನಿಯ ಲ್ಯಾಪ್‌ಟಾಪಿನವರಿಗೆ ಇನ್ನೂ ಸುಲಭದ ಹಾದಿಯಿದೆ. ಕೆಲವು ಮಾನಿಟರುಗಳ ಒಳಗೇ ಕೆವಿಎಂ ಇರುತ್ತದೆ. ಲ್ಯಾಪ್‌ಟಾಪಿಗೆ ಒಂದೇ ಟೈಪ್ ಸಿ ಕೇಬಲ್ ಸಾಕು. ಚಿತ್ರ, ಕೀಬೋರ್ಡ್ ಮೌಸಿನ ಸಂಪರ್ಕ, ಚಾರ್ಜಿಂಗ್ ಎಲ್ಲವೂ ಅದರಲ್ಲೇ. ಇನ್ನೊಂದು ಕಂಪ್ಯೂಟರಿಗೆ ಎಚ್‌ಡಿಎಂಐ ಜೊತೆಗೆ ಚೌಕ ಮೂತಿಯ ಯುಎಸ್‌ಬಿ ಬಿ ಕೇಬಲ್ಲನ್ನೂ ಸಿಕ್ಕಿಸಬೇಕು. ಎಷ್ಟೋ ಜನ ಈ ಎರಡನೆಯ ಕೇಬಲ್ಲನ್ನು ಡಬ್ಬಿಯಲ್ಲೇ ಬಿಟ್ಟು, ಚಿತ್ರ ಬರುತ್ತದೆ ಮೌಸ್ ಮಾತ್ರ ಓಡುವುದಿಲ್ಲ ಎಂದು ಪರದಾಡುತ್ತಾರೆ. ಕಂಪನಿಯ ಯಂತ್ರಕ್ಕೆ ಹೊರಗಿನ ಯುಎಸ್‌ಬಿ ಸಾಧನ ಜೋಡಿಸಬಹುದೇ ಎಂದು ಐಟಿ ವಿಭಾಗವನ್ನು ಕೇಳಿಯೇ ಮುಂದುವರಿಯುವುದು ಒಳ್ಳೆಯದು. ಸ್ವಿಚ್ಚಿನ ಯುಎಸ್‌ಬಿ ಕಿಂಡಿಯಲ್ಲಿ ಪೆನ್‌ಡ್ರೈವ್ ಮರೆತು ಬಿಟ್ಟರೆ ಗುಂಡಿ ಒತ್ತಿದಾಗ ಅದೂ ಕಂಪನಿಯ ಯಂತ್ರಕ್ಕೆ ಹೋಗಿ ಕೂರುತ್ತದೆ.

ಪೂರ್ತಿ ಕೆವಿಎಂ ಕೊಂಡವರು ಗುಂಡಿ ಒತ್ತಿದಾಗ ಪರದೆ ಎರಡು ಮೂರು ಸೆಕೆಂಡು ಕಪ್ಪಾಗುವುದನ್ನು ನೋಡಿರುತ್ತಾರೆ. ಆ ಹೊತ್ತಿನಲ್ಲಿ ಕಂಪ್ಯೂಟರಿಗೂ ಮಾನಿಟರಿಗೂ ಮಾತುಕತೆ ನಡೆದಿರುತ್ತದೆ. ಪ್ರತಿ ಮಾನಿಟರಿನೊಳಗೂ ಇಡಿಐಡಿ ಎಂಬ ಪುಟ್ಟ ಮಾಹಿತಿ ಪಟ್ಟಿ ಇದೆ, ಮೂಲ ಪಟ್ಟಿಯ ಗಾತ್ರ 128 ಬೈಟ್. ತಯಾರಕರು ಯಾರು, ಎಷ್ಟು ಚುಕ್ಕಿ ತೋರಿಸಬಲ್ಲೆ, ಸೆಕೆಂಡಿಗೆ ಎಷ್ಟು ಸಲ ಎಂಬುದೆಲ್ಲ ಅದರಲ್ಲಿರುತ್ತದೆ. ಕಂಪ್ಯೂಟರು ಅದನ್ನು ಓದಿಕೊಂಡೇ ಚಿತ್ರ ಕಳಿಸುತ್ತದೆ. ಅಗ್ಗದ ಸ್ವಿಚ್ಚು ಒಂದು ಯಂತ್ರದಿಂದ ತಿರುಗಿದೊಡನೆ ಆ ಯಂತ್ರಕ್ಕೆ ಮಾನಿಟರೇ ಕಿತ್ತುಹೋದಂತೆ ಕಾಣುತ್ತದೆ. ಮರಳಿ ಬಂದಾಗ ತೆರೆದಿಟ್ಟ ಕಿಟಕಿಗಳೆಲ್ಲ ಒಂದು ಮೂಲೆಯಲ್ಲಿ ಕುಗ್ಗಿ ಬಿದ್ದಿರುತ್ತವೆ, ಕೆಲವೊಮ್ಮೆ ರೆಸಲ್ಯೂಷನ್ನೇ ಇಳಿದಿರುತ್ತದೆ. ಇಡಿಐಡಿ ಎಮ್ಯುಲೇಷನ್ ಇರುವ ಸ್ವಿಚ್ಚು ಮಾನಿಟರಿನ ಪಟ್ಟಿಯನ್ನು ತಾನೇ ನೆನಪಿಟ್ಟುಕೊಂಡು ಎರಡೂ ಯಂತ್ರಗಳಿಗೆ ಸದಾ ತೋರಿಸುತ್ತಿರುತ್ತದೆ. ಬೆಲೆ ಹೆಚ್ಚು, ಆದರೆ ಹತ್ತು ಕಡತ ತೆರೆದಿಟ್ಟು ಕೆಲಸ ಮಾಡುವವರಿಗೆ ಅದರಷ್ಟು ನೆಮ್ಮದಿ ಬೇರೆ ಇಲ್ಲ. ವಿಂಡೋಸ್ 11ರಲ್ಲಿ ಕಿಟಕಿಗಳ ಜಾಗ ನೆನಪಿಟ್ಟುಕೊಳ್ಳುವ ಆಯ್ಕೆ ಡಿಸ್‌ಪ್ಲೇ ಸೆಟ್ಟಿಂಗಿನಲ್ಲೇ ಇದೆ, ಅದನ್ನೂ ಹಾಕಿಡಬೇಕು.

ಕನ್ನಡದವರಿಗೇ ಎದುರಾಗುವ ತೊಡಕೊಂದು ಯಾವ ಕೈಪಿಡಿಯಲ್ಲೂ ಇರುವುದಿಲ್ಲ. ಬಹಳಷ್ಟು ಕೆವಿಎಂಗಳಲ್ಲಿ ಕೀಬೋರ್ಡಿನಿಂದಲೇ ಯಂತ್ರ ಬದಲಿಸಲು ಸ್ಕ್ರೋಲ್ ಲಾಕ್ ಕೀಲಿಯನ್ನು ಎರಡು ಸಲ ಒತ್ತಬೇಕು. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಹೊರಳುವುದು ಅದೇ ಕೀಲಿಯಿಂದ. ‘ಇಮೇಲ್’ ಎಂದು ಕನ್ನಡದಲ್ಲಿ ಹೊಡೆದು, ವಿಳಾಸಕ್ಕೆಂದು ಇಂಗ್ಲಿಷಿಗೆ ಹೊರಳಿ, ಕೂಡಲೇ ಮರಳುವ ಅಭ್ಯಾಸದ ಬೆರಳುಗಳು ಕೀಲಿಯನ್ನು ಪಟಪಟನೆ ಎರಡು ಸಲ ತಟ್ಟಿದರೆ ಭಾಷೆಯ ಬದಲು ಯಂತ್ರವೇ ಬದಲಾಗಿಬಿಡುತ್ತದೆ. ಅನೇಕ ಸ್ವಿಚ್ಚುಗಳಲ್ಲಿ ಆ ಕೀಲಿಯನ್ನು ಬಲಗಡೆಯ ಕಂಟ್ರೋಲಿಗೋ ಕ್ಯಾಪ್ಸ್ ಲಾಕಿಗೋ ಬದಲಿಸಲು ಬರುತ್ತದೆ. ಬಾರದಿದ್ದರೆ ಕೀಬೋರ್ಡ್ ಆಜ್ಞೆಯನ್ನೇ ನಿಲ್ಲಿಸಿ ತಂತಿಯ ತುದಿಯ ಗುಂಡಿಯನ್ನು ಮೇಜಿನ ಮೇಲೆ ಅಂಟಿಸಿಕೊಳ್ಳಬಹುದು.

ಎಕ್ಸ್‌ಪಿ ಯಂತ್ರವನ್ನು 4ಕೆ ಪರದೆಗೆ ತರುವಾಗ ಅದು 4ಕೆ ಚಿತ್ರ ಕಳಿಸಲಾರದು ಎಂದು ಬೇಸರಿಸಬೇಕಿಲ್ಲ. 1920 ಮತ್ತು 1080ಕ್ಕೆ ಇಟ್ಟರೆ ಅದರ ಒಂದು ಚುಕ್ಕಿಗೆ 4ಕೆ ಪರದೆಯ ನಾಲ್ಕು ಚುಕ್ಕಿ ಸರಿಯಾಗಿ ಕೂಡುತ್ತವೆ. 2560 ಮತ್ತು 1440ರ ಮಾನಿಟರಿನಲ್ಲಿ ಈ ಲೆಕ್ಕ ಕೂಡುವುದಿಲ್ಲ, ಅಕ್ಷರ ಮಬ್ಬಾಗುತ್ತದೆ. ಎರಡು ಯಂತ್ರದವರು 4ಕೆಯನ್ನೇ ಕೊಳ್ಳಲು ಇದೂ ಒಂದು ಕಾರಣ. ಹಳೆಯ ಯಂತ್ರದಲ್ಲಿ ಇರುವುದು ಬಹುಶಃ 1987ರಲ್ಲಿ ಐಬಿಎಂ ತಂದ 15 ಪಿನ್ನಿನ ವಿಜಿಎ ಮಾತ್ರ, ಹೊಸ ಮಾನಿಟರಿನಲ್ಲಿ ಅದು ಇರುವುದಿಲ್ಲ. ನಡುವೆ ಪರಿವರ್ತಕ ಬೇಕು. ವಿಜಿಎಯಿಂದ ಎಚ್‌ಡಿಎಂಐಗೆ ಹೋಗುವುದು, ಎಚ್‌ಡಿಎಂಐಯಿಂದ ವಿಜಿಎಗೆ ಬರುವುದು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಒಂದೇ ಥರ ಕಾಣುತ್ತವೆ, ದಿಕ್ಕು ತಪ್ಪಿದರೆ ಚಿತ್ರ ಬಾರದು. ಬೇಕಾದದ್ದು ಮೊದಲನೆಯದು, ಯುಎಸ್‌ಬಿಯಿಂದ ವಿದ್ಯುತ್ ಪಡೆಯುವಂಥದ್ದು.

ವಿದ್ಯುತ್ತಿನ ಮಾತು ಬಂದಾಗ ಅರ್ಥಿಂಗ್ ಬಗ್ಗೆ ಹೇಳಲೇಬೇಕು. ಸ್ವಿಚ್ಚಿನ ಮೂಲಕ ಎರಡು ಯಂತ್ರಗಳ ಲೋಹದ ಮೈಗಳು ಕೇಬಲ್ಲಿನ ಹೊರಕವಚದಿಂದ ಒಂದಕ್ಕೊಂದು ಕೂಡುತ್ತವೆ. ಒಂದು ಯಂತ್ರ ಒಂದು ಬೋರ್ಡಿನಲ್ಲಿ, ಇನ್ನೊಂದು ಅರ್ಥಿಂಗ್ ಇಲ್ಲದ ಬೇರೆ ಬೋರ್ಡಿನಲ್ಲಿ ಇದ್ದರೆ ಆ ಕವಚದಲ್ಲೇ ಕರೆಂಟು ಹರಿಯಬಹುದು. ಡಬ್ಬಿ ಮುಟ್ಟಿದರೆ ಜುಂ ಎನ್ನುತ್ತದೆ, ಪೋರ್ಟುಗಳು ಸುಟ್ಟುಹೋಗಲೂಬಹುದು. ಎರಡೂ ಸಿಪಿಯು, ಮಾನಿಟರ್, ಸ್ವಿಚ್ಚಿನ ಅಡಾಪ್ಟರ್ ಎಲ್ಲವನ್ನೂ ಅರ್ಥಿಂಗ್ ಇರುವ ಒಂದೇ ಬೋರ್ಡಿಗೆ, ಸಾಧ್ಯವಾದರೆ ಒಂದೇ ಯುಪಿಎಸ್‌ಗೆ ಹಾಕಬೇಕು. ಹೊಸದನ್ನು ಜೋಡಿಸುವ ಮೊದಲು ಎಲೆಕ್ಟ್ರಿಷಿಯನ್ನಿಂದ ಅರ್ಥಿಂಗ್ ನೋಡಿಸಿ. ಕೇಬಲ್ಲಿನ ಉದ್ದವನ್ನೂ ಮಿತಿಯಲ್ಲಿಡಿ. ಯಂತ್ರದಿಂದ ಸ್ವಿಚ್ಚಿಗೆ ಒಂದು, ಸ್ವಿಚ್ಚಿನಿಂದ ಮಾನಿಟರಿಗೆ ಒಂದು, ಎರಡೂ ಕೂಡಿ ಮೂರು ಮೀಟರ್ ದಾಟದಿದ್ದರೆ ಒಳ್ಳೆಯದು. ಎಚ್‌ಡಿಎಂಐ ಕೇಬಲ್ಲಿನ ಡಬ್ಬಿಯ ಮೇಲೆ ‘ಪ್ರೀಮಿಯಂ ಹೈ ಸ್ಪೀಡ್’ ಎಂಬ ಪ್ರಮಾಣ ಚೀಟಿ ಇದ್ದರೆ 18 ಗಿಗಾಬಿಟ್ಟಿಗೆ ಪರೀಕ್ಷೆಯಾಗಿದೆ ಎಂದರ್ಥ. ಪರದೆ ಆಗಾಗ ಕಪ್ಪಾಗಿ ಮರಳುತ್ತಿದ್ದರೆ, ಬಿಳಿ ಚುಕ್ಕಿಗಳು ಮಿನುಗುತ್ತಿದ್ದರೆ ಸ್ವಿಚ್ಚನ್ನು ಬೈಯುವ ಮೊದಲು ಕೇಬಲ್ ಬದಲಿಸಿ ನೋಡಬೇಕು.

ಸ್ವಿಚ್ಚನ್ನು ಕೊಲ್ಹಾಪುರದಿಂದ ತಂದಿರಲಿ, ಬೆಳಗಾವಿಯಿಂದ ತಂದಿರಲಿ, ಆನ್‌ಲೈನಿನಲ್ಲಿ ತರಿಸಿರಲಿ, ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಪರೀಕ್ಷೆ ಮಾಡಿಬಿಡಿ. ವಿಂಡೋಸಿನ ಅಡ್ವಾನ್ಸ್‌ಡ್ ಡಿಸ್‌ಪ್ಲೇ ಪುಟದಲ್ಲಿ ರೆಸಲ್ಯೂಷನ್ 3840 ಮತ್ತು 2160, ರಿಫ್ರೆಶ್ ರೇಟ್ 60 ಎಂದಿರಬೇಕು, ಬಣ್ಣದ ಸಾಲಿನಲ್ಲಿ 4:4:4 ಅಥವಾ ಆರ್‌ಜಿಬಿ ಎಂದಿರಬೇಕು. ಆಮೇಲೆ ಗಾಢ ನೀಲಿ ಹಿನ್ನೆಲೆಯ ಮೇಲೆ ಕೆಂಪು ಬಣ್ಣದಲ್ಲಿ, ದಿನವೂ ಬಳಸುವ ಸಣ್ಣ ಗಾತ್ರದಲ್ಲಿ, ‘ಶ್ರೀ ಸಿದ್ಧೇಶ್ವರ ಪ್ರಸನ್ನ’ ಎಂದು ಬರೆಯಿರಿ. ಮೊದಲು ಮಾನಿಟರಿಗೆ ನೇರ ಜೋಡಿಸಿ ನೋಡಿ, ಆಮೇಲೆ ಸ್ವಿಚ್ಚಿನ ಮೂಲಕ ನೋಡಿ. ಒತ್ತಕ್ಷರಗಳು ಎರಡು ಸಲವೂ ಒಂದೇ ರೀತಿ ಕಂಡರೆ ಡಬ್ಬಿ ಮೇಜಿನ ಮೇಲಿರಲಿ. ಸ್ವಿಚ್ಚಿನ ಮೂಲಕ ನೋಡಿದಾಗ ಕದಡಿದಂತೆ ಕಂಡರೆ ಬಿಲ್ಲಿನ ಸಮೇತ ಅದನ್ನು ಹಿಂದಿರುಗಿಸಿ, ಯುಎಸ್‌ಬಿ ಸ್ವಿಚ್ಚೊಂದನ್ನು ತನ್ನಿ.